ಹೆಪ್ಟಮೆಥಿನ್ ಡೈ ಒಂದೇ ವಾರದಲ್ಲಿ ಬಿಳಚಿಕೊಂಡಿತು. ಇಷ್ಟು ಬೇಗ ಹಾಳಾಗುವ ಬಣ್ಣವನ್ನು ಉದ್ಯಮದವರು ಯಾಕೆ ಕೊಳ್ಳುತ್ತಾರೆ?

ಎಂ.ಎಸ್ಸಿ. ಪ್ರಾಜೆಕ್ಟಿಗೆ ಹೆಪ್ಟಮೆಥಿನ್, ಅಂದರೆ ಏಳು ಇಂಗಾಲದ ಸರಪಳಿಯ ಸಯನಿನ್ ಡೈ ಮಾಡಿದ್ದೀರಿ, 780 ನ್ಯಾನೋಮೀಟರ್ ಹತ್ತಿರ, ಕೆಂಪಿನಾಚೆಯ ಅವಕೆಂಪಿನಲ್ಲಿ, ಒಳ್ಳೆಯ ಹೀರಿಕೆಯ ಪೀಕ್ ಬಂದಿದೆ, ವಾರ ಕಳೆಯುವಷ್ಟರಲ್ಲಿ ದ್ರಾವಣದ ಬಣ್ಣವೇ ಹೋಗಿದೆ. ತಯಾರಿಕೆಯಲ್ಲಿ ಎಲ್ಲೋ ತಪ್ಪಾಗಿದೆಯೇ, ಇಂಥದ್ದನ್ನು ಯಾರು ಬಳಸುತ್ತಾರೆ ಅಂತ ಕೇಳಿದ್ದೀರಿ. ನಾನು ಹನ್ನೊಂದು ವರ್ಷ ಇದೇ ಜಾತಿಯ ಡೈಗಳನ್ನು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಿದವನು. ನಿಮ್ಮ ಕೈ ತಪ್ಪಿಲ್ಲ. ಆ ಅಣುವನ್ನು 780ರವರೆಗೆ ಎಳೆದು ತಂದ ಗುಣವೇ ಅದನ್ನು ಹಾಳು ಮಾಡಿದ್ದು.

ಕ್ಯಾರೆಟ್ಟಿನ ಬೀಟಾ ಕ್ಯಾರೋಟೀನ್ ತೆಗೆದುಕೊಳ್ಳಿ. ಸಾಲಾಗಿ 11 ದ್ವಿಬಂಧಗಳಿವೆ, ಆದರೂ ಹೀರುವುದು 450 ನ್ಯಾನೋಮೀಟರ್ ಆಸುಪಾಸಿನಲ್ಲಿ. ನಿಮ್ಮ ಡೈಯಲ್ಲಿ ಎರಡು ಉಂಗುರಗಳ ನಡುವೆ ಇರುವುದು ಏಳೇ ಇಂಗಾಲ, ಆದರೆ ಅದು 750 ದಾಟಿದೆ. ಕ್ಯಾರೋಟೀನಿನಲ್ಲಿ ಒಂದು ಬಂಧ ಗಿಡ್ಡ, ಮುಂದಿನದು ಉದ್ದ, ಹೀಗೇ ಸಾಗುವುದರಿಂದ ಸರಪಳಿ ಎಷ್ಟೇ ಬೆಳೆದರೂ ಹೋಮೋ–ಲೂಮೋ ಅಂತರ (ಎಲೆಕ್ಟ್ರಾನು ತುಂಬಿದ ಕೊನೆಯ ಮಟ್ಟಕ್ಕೂ ಖಾಲಿ ಇರುವ ಮೊದಲ ಮಟ್ಟಕ್ಕೂ ನಡುವಿನ ಶಕ್ತಿಯ ವ್ಯತ್ಯಾಸ) ಒಂದು ಮಿತಿಯಾಚೆ ಇಳಿಯುವುದಿಲ್ಲ. ಸಯನಿನ್‌ನಲ್ಲಿ ಎರಡು ತುದಿಗೂ ನೈಟ್ರೋಜನ್ ಇದೆ, ಧನ ಆವೇಶ ಇಬ್ಬರಿಗೂ ಸಮಪಾಲು. ಅದರಿಂದ ನಡುವಿನ ಬಂಧಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬಂದು ನಿಲ್ಲುತ್ತವೆ, ಎಲೆಕ್ಟ್ರಾನುಗಳಿಗೆ ಈ ತುದಿಯಿಂದ ಆ ತುದಿಗೆ ಅಡ್ಡಿಯೇ ಇರುವುದಿಲ್ಲ. ಒಂದು ಸಿಎಚ್–ಸಿಎಚ್ ಜೋಡಿ ಸೇರಿಸಿದರೆ ಸುಮಾರು 100 ನ್ಯಾನೋಮೀಟರ್ ಮುಂದಕ್ಕೆ: ಮೂರು ಇಂಗಾಲಕ್ಕೆ 550, ಐದಕ್ಕೆ 650, ಏಳಕ್ಕೆ 750. ಇಷ್ಟು ಲೆಕ್ಕಕ್ಕೆ ಸಿಗುವ ರಸಾಯನಶಾಸ್ತ್ರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈಗ ಆ ಅಂತರ ಎಷ್ಟೆಂದು ತಿಳಿಯಲು 1240ನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿ ನೋಡಿ. 800 ನ್ಯಾನೋಮೀಟರ್‌ಗೆ ಬರುವುದು 1.55 ಎಲೆಕ್ಟ್ರಾನ್ ವೋಲ್ಟ್. ಅಂತರ ಇಷ್ಟು ಕಿರಿದಾಯಿತು ಅಂದರೆ ಮೇಲಿನ ಎಲೆಕ್ಟ್ರಾನುಗಳು ಸಡಿಲವಾಗಿಯೇ ಕೂತಿವೆ ಅಂತ ಅರ್ಥ. ಆಮ್ಲಜನಕ, ಅದರಲ್ಲೂ ಬೆಳಕಿನಲ್ಲಿ ಹುಟ್ಟುವ ಅದರ ಚುರುಕು ರೂಪವಾದ ಸಿಂಗ್ಲೆಟ್ ಆಮ್ಲಜನಕ, ನೇರ ಬಂದು ಸರಪಳಿಗೇ ಕೈ ಹಾಕುತ್ತದೆ. ಒಂದು ಕಡೆ ತುಂಡಾದರೆ ಸಾಕು, ಹೀರಿಕೆ ಪೂರ್ತಿ ಹೋಗುತ್ತದೆ.

ನನ್ನ ಮೊದಲ ಬ್ಯಾಚ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವಿಲ್ಸ್‌ಮಯರ್ ವಿಧಾನದಲ್ಲಿ ಸೈಕ್ಲೋಹೆಕ್ಸನೋನ್‌ನಿಂದ ಮಾಡಿಟ್ಟ ನಡುತುಣುಕು, ಇಂಡೋಲಿಯಂ ಲವಣ, ಸೋಡಿಯಂ ಅಸಿಟೇಟ್, ಎಲ್ಲ ಅಸೆಟಿಕ್ ಅನ್‌ಹೈಡ್ರೈಡಿನಲ್ಲಿ. ಬಿಸಿ ಏರುತ್ತಿದ್ದಂತೆ ಫ್ಲಾಸ್ಕಿನ ಬಣ್ಣ ಹಳದಿಯಿಂದ ಕೆಂಪಿಗೆ, ಆಮೇಲೆ ಕಪ್ಪೆನ್ನಿಸುವಷ್ಟು ಕಡುಹಸಿರಿಗೆ ತಿರುಗಿತು. ಸೋಸಿ ಒಣಗಿಸಿದ ಹರಳುಗಳಲ್ಲಿ ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೊಂಬಿನ ಹೊಳಪು. ಅದರಲ್ಲಿ ಚೂರೇ ಚೂರು ಮೆಥನಾಲಿನಲ್ಲಿ ಕರಗಿಸಿ ಕಿಟಕಿ ಪಕ್ಕ ಮರೆತು ದೀಪಾವಳಿಗೆ ಊರಿಗೆ ಹೋದೆ. ಬಂದು ನೋಡಿದರೆ ಸೀಸೆಯಲ್ಲಿ ತೆಳು ಹಳದಿ ನೀರು. ಕಪಾಟಿನ ಕತ್ತಲಲ್ಲಿದ್ದ ಪುಡಿ ಮಾತ್ರ ಇದ್ದ ಹಾಗೇ ಇತ್ತು.

ಉದ್ಯಮದ ವಿಷಯಕ್ಕೆ ಬರೋಣ. ಅವರು ಮೊದಲು ಕೇಳುವುದು ಈ ಡೈ ಎಷ್ಟು ಹೊತ್ತು ಬದುಕಿದರೆ ನಮ್ಮ ಕೆಲಸ ಆಗುತ್ತದೆ ಅಂತ.

ಆಫ್‌ಸೆಟ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನಿಂದ ನೇರ ಅಚ್ಚಿನ ಪ್ಲೇಟಿಗೆ ಬರೆಯುವ ಸಿಟಿಪಿ ಯಂತ್ರ ನೋಡಿದ್ದೀರಾ? ಅಲ್ಲಿನ ಥರ್ಮಲ್ ಪ್ಲೇಟಿನ ಲೇಪನದಲ್ಲಿ ನಿಮ್ಮ ಡೈಯ ಹತ್ತಿರದ ಸಂಬಂಧಿಗಳೇ ಇರುತ್ತವೆ. 830 ನ್ಯಾನೋಮೀಟರ್ ಲೇಸರ್ ಬಿದ್ದ ಚುಕ್ಕೆಯಲ್ಲಿ ಡೈ ಆ ಬೆಳಕನ್ನು ನುಂಗಿ ಕ್ಷಣದಲ್ಲಿ ಶಾಖವಾಗಿ ಬಿಡುತ್ತದೆ. ಪಾಸಿಟಿವ್ ಪ್ಲೇಟ್ ಆದರೆ ಬಿಸಿಯಾದ ಜಾಗದ ರಾಳ ಸಡಿಲಗೊಂಡು ಕ್ಷಾರದ ಡೆವಲಪರ್‌ನಲ್ಲಿ ತೊಳೆದು ಹೋಗುತ್ತದೆ, ಉಳಿದ ಕಡೆ ಶಾಯಿ ಹಿಡಿಯುತ್ತದೆ. ಅಂತರ ಕಿರಿದಾದಷ್ಟೂ ಹೀರಿದ ಶಕ್ತಿ ಹೊಳೆಯದೆ ಶಾಖವಾಗಿಯೇ ಸೋರುವುದು ಹೆಚ್ಚು, ಇಲ್ಲಿ ಬೇಕಿರುವುದೂ ಅದೇ. ಕಣ್ಣಿಗೆ ಕಾಣುವ ಬೆಳಕಿನಿಂದ ಅಷ್ಟು ಬಿಸಿ ಏರದ ಕಾರಣ ಈ ಪ್ಲೇಟನ್ನು ಮಾಮೂಲಿ ಟ್ಯೂಬ್‌ಲೈಟಿನಡಿ ಸ್ವಲ್ಪ ಹೊತ್ತು ಇಟ್ಟರೂ ತೊಂದರೆಯಿಲ್ಲ. ಲೇಸರ್ ಬೀಳುವವರೆಗೆ ಡೈ ಬದುಕಿದ್ದರೆ ಆಯಿತು. ಆಮೇಲೆ ಅದು ಹಾಳಾದರೂ ಅಚ್ಚಿಗೆ ಏನೂ ಆಗುವುದಿಲ್ಲ.

ನನಗೆ ತುಂಬ ಪ್ರೀತಿಯ ಉದಾಹರಣೆ ಇಂಡೋಸಯನಿನ್ ಗ್ರೀನ್. ಕೊಡ್ಯಾಕ್ ಪ್ರಯೋಗಾಲಯದಲ್ಲಿ ಹುಟ್ಟಿ 1950ರ ದಶಕದಲ್ಲೇ ಆಸ್ಪತ್ರೆ ಸೇರಿದ ಡೈ ಇದು, ನಿಮ್ಮದರ ಹಾಗೇ ಏಳು ಇಂಗಾಲದ ಸರಪಳಿ. ನೀರಿನಲ್ಲಿ 780 ಹತ್ತಿರ ಹೀರುತ್ತದೆ, ರಕ್ತದ ಪ್ರೋಟೀನಿಗೆ ಅಂಟಿಕೊಂಡಾಗ 800ರ ಕಡೆಗೆ ಸರಿಯುತ್ತದೆ. ಆ ಜಾಗದಲ್ಲಿ ಹಿಮೋಗ್ಲೋಬಿನ್ ಆಗಲಿ ನೀರಾಗಲಿ ಹೆಚ್ಚು ಹೀರುವುದಿಲ್ಲ, ಬೆಳಕು ಮಾಂಸದೊಳಗೆ ಕೆಲವು ಮಿಲಿಮೀಟರ್ ಇಳಿಯುತ್ತದೆ. ಡೈ ಮಂದವಾಗಿ ಹೊಳೆಯುತ್ತದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಕಣ್ಣಿನ ಹಿಂಪದರದ ರಕ್ತನಾಳ, ಪಿತ್ತಕೋಶ ತೆಗೆಯುವಾಗ ಪಿತ್ತನಾಳ, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ದುಗ್ಧಗ್ರಂಥಿ, ಇವನ್ನೆಲ್ಲ ಸರ್ಜನ್ ಪರದೆಯ ಮೇಲೆ ನೋಡುವುದು ಹೀಗೆ. ಯಕೃತ್ತು ಕೆಲವೇ ನಿಮಿಷಗಳಲ್ಲಿ ಅದನ್ನು ರಕ್ತದಿಂದ ಎತ್ತಿ ಪಿತ್ತಕ್ಕೆ ಸೇರಿಸುತ್ತದೆ. ನೀರಿನಲ್ಲಿ ಕರಗಿಸಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲವಾದ್ದರಿಂದ ಸೀಸೆಯಲ್ಲಿ ಬರುವುದು ಒಣಪುಡಿ, 25 ಮಿಲಿಗ್ರಾಂ, ಬೇಕಾದಾಗ ಕರಗಿಸಿಕೊಳ್ಳುವುದು. ನಿಮ್ಮನ್ನು ಬೇಸರಪಡಿಸಿದ ಗುಣವನ್ನೇ ಲೆಕ್ಕಕ್ಕಿಟ್ಟುಕೊಂಡು ಆಸ್ಪತ್ರೆಯವರು ಅರವತ್ತಕ್ಕೂ ಹೆಚ್ಚು ವರ್ಷ ಇದನ್ನು ನಡೆಸಿಕೊಂಡು ಬಂದಿದ್ದಾರೆ.

ವರ್ಷಗಟ್ಟಲೆ ಬಾಳಬೇಕಾದ ಕಡೆ ಸಯನಿನ್ ಬೇಡ, ಥ್ಯಾಲೊಸಯನಿನ್ ಬೇಕು. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಲ್ಲಿ ಥ್ಯಾಲಿಮೈಡ್ ಮಾಡುತ್ತಿದ್ದ ಪಾತ್ರೆಯ ಒಳಪದರ ಬಿರುಕು ಬಿಟ್ಟು, ಕಬ್ಬಿಣ ತಾಗಿದಲ್ಲಿ ನೀಲಿ-ಹಸಿರು ಕಸ ಕಾಣಿಸಿಕೊಂಡಿತ್ತು. ಅದೇ ಕಸ ಮುಂದೆ ದೊಡ್ಡ ಉದ್ಯಮವಾಯಿತು. ಇಲ್ಲಿ ಬಿಚ್ಚಿಕೊಳ್ಳುವ ಸರಪಳಿ ಇಲ್ಲ, ಸುತ್ತ ಮುಚ್ಚಿದ ಬಳೆ. ಲೇಸರ್ ಪ್ರಿಂಟರಿನ ಟೋನರ್ ಕಾರ್ಟ್ರಿಜ್ ಬಿಚ್ಚಿದರೆ ಕಾಣುವ ಹಸಿರು-ನೀಲಿ ಡ್ರಮ್ಮಿನ ಬಣ್ಣ ಸಾಮಾನ್ಯವಾಗಿ ಇದರದ್ದೇ, ಹಲವು ಡ್ರಮ್ಮುಗಳಲ್ಲಿ ಟೈಟಾನಿಲ್ ಥ್ಯಾಲೊಸಯನಿನ್. ದ್ರಾವಣದಲ್ಲಿ 700ರ ಸುತ್ತ ಹೀರುವ ಅಣು, ಸರಿಯಾದ ಹರಳಿನ ರೂಪಕ್ಕೆ ಬಂದಾಗ ಒಂದರ ಮೇಲೊಂದು ಒತ್ತಿ ಕೂತು 780ರ ಲೇಸರನ್ನೂ ಹೀರುತ್ತದೆ. ಬರೆಯುವ ಸಿಡಿಗಳಲ್ಲಿ ಎರಡು ಜಾತಿಯೂ ಇದ್ದವು, ಓದುವ ಲೇಸರ್ ಅಲ್ಲೂ 780.

1000 ದಾಟಬೇಕಾದರೆ ಬೇರೆಯೇ ಕುಟುಂಬಗಳು, ಡೈಇಮೋನಿಯಂ ಲವಣ, ನಿಕ್ಕಲ್ ಡೈಥಯೋಲೀನ್. ಪ್ಲಾಸ್ಮಾ ಟಿವಿಯೊಳಗಿನ ಕ್ಸೆನಾನ್ 800ರಿಂದ 1000ದ ನಡುವೆ ಬೆಳಕು ಚೆಲ್ಲಿ ರಿಮೋಟುಗಳ ಸಂಕೇತವನ್ನು ಕೆಡಿಸುತ್ತಿತ್ತು. ಅದನ್ನು ತಡೆಯಲು ಗಾಜಿನ ಫಿಲ್ಟರಿಗೆ ಇಂಥ ಡೈಗಳನ್ನು ಹಾಕುತ್ತಿದ್ದರು.

ನಿಮ್ಮ ಪ್ರಾಜೆಕ್ಟಿಗೆ ಒಂದು ಮಾತು. ಹೊಸದಾಗಿ ದ್ರಾವಣ ಮಾಡಿ ನಾಲ್ಕು ಸೀಸೆಗೆ ಹಂಚಿ. ಬೆಳಕಿನಲ್ಲಿ ಎರಡು, ಫಾಯಿಲ್ ಸುತ್ತಿ ಕತ್ತಲಲ್ಲಿ ಎರಡು. ಪ್ರತಿ ಜೊತೆಯಲ್ಲೂ ಒಂದಕ್ಕೆ ಹತ್ತು ನಿಮಿಷ ನೈಟ್ರೋಜನ್ ಹಾಯಿಸಿ ಮುಚ್ಚಿ, ಇನ್ನೊಂದಕ್ಕೆ ಹಾಯಿಸಬೇಡಿ. ದಿನಕ್ಕೊಮ್ಮೆ 780ರ ಪೀಕ್ ಅಳೆದು ಬರೆದಿಡಿ. ಬೆಳಕಿನ ಸೀಸೆಗಳಲ್ಲಿ ನೈಟ್ರೋಜನ್ ಇದ್ದದ್ದು ಉಳಿದು ಇಲ್ಲದ್ದು ಕುಸಿದರೆ ನಿಮ್ಮ ಶತ್ರು ಆಮ್ಲಜನಕ. ಕತ್ತಲಲ್ಲೂ ಇಳಿದರೆ ದ್ರಾವಕವನ್ನೋ ಉಳಿದಿರುವ ಕ್ಷಾರವನ್ನೋ ಅನುಮಾನಿಸಿ. ಅಂಕಿಗಳನ್ನು ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.