ಮುಂದಿರುವವರು ಚೆಂಡೇ ಕೊಡದಿದ್ದರೆ?

ಪ್ರಶ್ನೆ: ಅಕ್ಕಾ, ಕೆಲಸಕ್ಕೆ ಅಂತ ಡಬ್ಲಿನ್‌ಗೆ ಬಂದವನು ನಾನು. ಆಫೀಸಿನ ಗೆಳೆಯರು ಎಳೆದುಕೊಂಡು ಹೋಗಿ ಇಲ್ಲಿನ ಜಿಎಎ (ಐರ್ಲೆಂಡಿನ ದೇಸಿ ಆಟಗಳ ಸಂಸ್ಥೆ) ಕ್ಲಬ್ಬಿಗೆ ಸೇರಿಸಿದರು. ಈಗ ಜೂನಿಯರ್ ತಂಡದಲ್ಲಿ ಗೇಲಿಕ್ ಫುಟ್‌ಬಾಲ್ (ಕೈಯಲ್ಲೂ ಕಾಲಲ್ಲೂ ಆಡುವ ಐರಿಶ್ ಆಟ, ತಂಡಕ್ಕೆ 15 ಜನ) ಆಡುತ್ತೇನೆ, ಡಿಫೆನ್ಸ್‌ನ ಮುಂದಿನ ಸಾಲಿನ ಹಾಫ್‌ಬ್ಯಾಕ್ ನನ್ನ ಜಾಗ. ಈ ಸೀಸನ್‌ನಲ್ಲಿ ನಮಗೆ ಒಂದೇ ಕಾಟ. ಎದುರಿನವರು ಎರಡು ಪಾಯಿಂಟ್ ಮುಂದೆ ಹೋದರೆ ಮುಗೀತು. ಕೊನೆಯ ಎಂಟು ಹತ್ತು ನಿಮಿಷ ಹ್ಯಾಂಡ್‌ಪಾಸ್ ಮಾಡುತ್ತಾ (ಚೆಂಡನ್ನು ಕೈಯಿಂದ ತಟ್ಟಿ ಕೊಡುತ್ತಾ) ಆ ಸೈಡ್‌ಲೈನ್‌ನಿಂದ ಈ ಸೈಡ್‌ಲೈನ್‌ಗೆ ಚೆಂಡು ತಿರುಗಿಸುತ್ತಲೇ ಇರುತ್ತಾರೆ. ಹತ್ತಿರ ಹೋದರೆ ಇನ್ನೊಬ್ಬನಿಗೆ ಕೊಡುತ್ತಾರೆ. ಸಿಟ್ಟು ಬಂದು ಕೈ ಹಾಕಿದರೆ ಫ್ರೀ, ಅಂದರೆ ಅವರಿಗೆ ಫ್ರೀ ಕಿಕ್. ಇದಕ್ಕೆ ಮದ್ದೇನು?
— ಹಾಫ್‌ಬ್ಯಾಕ್, ಡಬ್ಲಿನ್

ಉತ್ತರ: ‘ಹತ್ತಿರ ಹೋದರೆ ಇನ್ನೊಬ್ಬನಿಗೆ ಕೊಡುತ್ತಾರೆ’ ಅಂತ ಬರೆದಿದ್ದೀರಿ. ಹತ್ತಿರ ಹೋಗಿದ್ದು ಎಷ್ಟು ಜನ? ಒಬ್ಬರೇ ಅಲ್ವಾ? ರೋಗ ಇರುವುದು ಅಲ್ಲೇ. ನಮ್ಮ ಕ್ಲಬ್ಬಿನ ಎರಡನೇ ತಂಡಕ್ಕೆ ಸೆಲೆಕ್ಟರ್ ಆಗಿ ಸೈಡ್‌ಲೈನ್‌ನಲ್ಲಿ ನಿಲ್ಲುವವಳು ನಾನು. ಪ್ರತಿ ಸೀಸನ್ನೂ ಇದನ್ನೇ ನೋಡುತ್ತೇನೆ. ಹದಿನಾಲ್ಕು ಜನ ನಿಂತು ನೋಡುತ್ತಿರುತ್ತಾರೆ, ಒಬ್ಬ ಮಾತ್ರ ಓಡಿ ಓಡಿ ಸುಸ್ತಾಗುತ್ತಾನೆ. ಕಬಡ್ಡಿಯಲ್ಲಿ ಸರಪಳಿ ಬಿಟ್ಟು ಒಬ್ಬನೇ ಮುಂದೆ ನುಗ್ಗಿದರೆ ರೈಡರ್ ಏನು ಮಾಡುತ್ತಾನೆ ಅಂತ ನಿಮಗೆ ಗೊತ್ತಿರಬೇಕು. ಇಲ್ಲೂ ಅಷ್ಟೇ. ಹೋದರೆ ಎಲ್ಲರೂ ಹೋಗಬೇಕು. ಇಲ್ಲದಿದ್ದರೆ ಯಾರೂ ಹೋಗಬಾರದು.

ಹಾಗಂತ ಎಲ್ಲಿ ಬೇಕಾದರೂ ಹೋಗಿ ಒತ್ತಿದರೆ ಆಗುವುದಿಲ್ಲ. ಮೈದಾನದ ಯಾವ ಅರ್ಧದಲ್ಲಿ ಒತ್ತುತ್ತೀರಿ ಅನ್ನುವುದರ ಮೇಲೆ ಮುಕ್ಕಾಲು ಭಾಗ ನಿಂತಿದೆ. 2025ರಲ್ಲಿ ಬಂದ ಹೊಸ ನಿಯಮಗಳು ನಿಮ್ಮ ಪರವಾಗಿಯೇ ಇವೆ, ಅವನ್ನು ಬಳಸಿಕೊಳ್ಳಿ. ಈಗ ಗೋಲ್‌ಕೀಪರ್ ತನ್ನವರಿಂದ ಪಾಸ್ ತೆಗೆದುಕೊಳ್ಳಬಹುದಾದ ಸಂದರ್ಭ ಎರಡೇ. ಒಂದು, ಅವನೂ ಪಾಸ್ ಕೊಟ್ಟವನೂ ಇಬ್ಬರೂ ತಮ್ಮ ಗೋಲಿನ ಮುಂದಿನ ದೊಡ್ಡ ಚೌಕದೊಳಗೆ ಇರಬೇಕು. ಇಲ್ಲವೇ ಅವನು ಹಾಫ್‌ವೇ ಲೈನ್ ದಾಟಿ ನಿಮ್ಮ ಅರ್ಧಕ್ಕೆ ಬಂದಿರಬೇಕು. ಇದರ ಜೊತೆಗೆ ಪ್ರತಿ ತಂಡದ ಕನಿಷ್ಠ ಮೂರು ಜನ ಯಾವಾಗಲೂ ಎದುರಾಳಿಯ ಅರ್ಧದಲ್ಲಿ ಇರಲೇಬೇಕು.

ಈಗ ಲೆಕ್ಕ ಹಾಕಿ. ಚೆಂಡು ಅವರ ಅರ್ಧದಲ್ಲಿದೆ ಅಂದುಕೊಳ್ಳಿ. ಅವರ ಮೂರು ಜನ ನಿಮ್ಮ ಕಡೆ ಇದ್ದಾರೆ. ಕೀಪರ್ ಬಿಟ್ಟರೆ ಅಲ್ಲಿ ಉಳಿದವರು 11 ಜನ. ನೀವು ಕೀಪರ್ ಮತ್ತು ಮೂವರನ್ನು ಹಿಂದೆ ಬಿಟ್ಟು ಬಂದರೆ ನೀವೂ 11. ತಲೆಗೊಬ್ಬರಂತೆ ಹಿಡಿದರೆ ಅವರಿಗೆ ಪಾಸ್ ಕೊಡಲು ಬಿಡುವಾಗಿರುವ ಆಟಗಾರನೇ ಇಲ್ಲ. ಮೊದಲು ಸಿಕ್ಕಿಹಾಕಿಕೊಂಡಾಗ ಕೀಪರ್‌ಗೆ ಹಿಂದಕ್ಕೆ ಕೊಟ್ಟು ಉಸಿರಾಡುತ್ತಿದ್ದರು. ಆ ಬಾಗಿಲು ಈಗ ಮುಚ್ಚಿದೆ. ಅದೇ ಚೆಂಡು ನಿಮ್ಮ ಅರ್ಧದಲ್ಲಿದ್ದರೆ ಅವರ ಕೀಪರ್ ಮೇಲೆ ಬಂದು ಸೇರಿಕೊಳ್ಳುತ್ತಾನೆ, ಪಾಸ್ ತೆಗೆದುಕೊಳ್ಳುತ್ತಾನೆ, ಆರಾಮಾಗಿ ಸುತ್ತು ಹಾಕಿಸುತ್ತಾನೆ.

ಹಾಗಾಗಿ ನಿಮ್ಮ ಮೊದಲ ಕೆಲಸ ಚೆಂಡು ಕಿತ್ತುಕೊಳ್ಳುವುದಲ್ಲ, ಅವರನ್ನು ಹಾಫ್‌ವೇ ಲೈನಿನ ಆಚೆಗೆ ತಳ್ಳುವುದು. ಸಾಲಾಗಿ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬನ್ನಿ. ಚೆಂಡು ಹಿಡಿದವನಿಗೆ ಮುಂದಿನ ಪಾಸ್ ಕಾಣಬಾರದು, ಹಿಂದಿನದು ಮಾತ್ರ ಕಾಣಬೇಕು. ಅವರು ಒಂದು ಸಲ ಲೈನ್ ದಾಟಿ ಹಿಂದೆ ಹೋದರೋ, ಆಗ ಪೂರ್ತಿ ಒತ್ತಿ.

ಕೂಗು ಒಬ್ಬರದೇ ಇರಲಿ. ಸೆಂಟರ್‌ಬ್ಯಾಕ್ ಆದರೆ ಒಳ್ಳೆಯದು, ಅವನಿಗೆ ಇಡೀ ಮೈದಾನ ಎದುರಿಗೆ ಕಾಣುತ್ತದೆ. ನಮ್ಮ ಸೆಂಟರ್‌ಬ್ಯಾಕ್ ಜಾಸ್ತಿ ಮಾತಾಡುವವನಲ್ಲ. ಆದರೆ ಅವನು ‘ಪುಶ್!’ ಅಂದರೆ ಕಾರ್ನರ್ ಫಾರ್ವರ್ಡ್‌ಗೂ ಕೇಳಿಸುತ್ತದೆ, ಎಲ್ಲರೂ ಒಟ್ಟಿಗೆ ಕದಲುತ್ತಾರೆ. ಯಾವಾಗ ಕೂಗಬೇಕು? ಪಾಸ್ ಹಿಂದಕ್ಕೆ ಹೋದಾಗ. ತಮ್ಮ ಗೋಲಿನ ಕಡೆ ಮುಖ ಮಾಡಿ ಒಬ್ಬ ಚೆಂಡು ತೆಗೆದುಕೊಂಡಾಗ. ಚೆಂಡು ಸೈಡ್‌ಲೈನ್ ಹತ್ತಿರ ಬಂದಾಗ. ಎತ್ತರಕ್ಕೆ ಹಾರಿದ ಹ್ಯಾಂಡ್‌ಪಾಸ್ ಗಾಳಿಯಲ್ಲಿ ತೇಲುತ್ತಿರುವಾಗ. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ತೇಲುವ ಪಾಸ್ ಕೈಗೆ ಬೀಳುವಷ್ಟರಲ್ಲಿ ನಿಮ್ಮವನು ನಾಲ್ಕು ಹೆಜ್ಜೆ ಓಡಿರುತ್ತಾನೆ.

ಇನ್ನು ಕೈ ಹಾಕುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಚೆಂಡು ಎದೆಗೆ ಅವುಚಿಕೊಂಡವನ ಮೇಲೆ ಎರಡು ಕೈ ಹಾಕಿದರೆ ನೂರಕ್ಕೆ ನೂರು ಫ್ರೀ. ಆದರೆ ಅವನು ಚೆಂಡು ಹಿಡಿದು ನಾಲ್ಕು ಹೆಜ್ಜೆಗಿಂತ ಜಾಸ್ತಿ ಹೋಗುವಂತಿಲ್ಲ. ಅಷ್ಟರಲ್ಲಿ ಪಾಸ್ ಕೊಡಬೇಕು, ಇಲ್ಲವೇ ನೆಲಕ್ಕೆ ಬೌನ್ಸ್ ಮಾಡಬೇಕು, ಇಲ್ಲವೇ ಕಾಲಿನ ತುದಿಯಿಂದ ಕೈಗೆ ಸೋಲೋ ಮಾಡಬೇಕು. ಒಂದರ ಹಿಂದೆ ಒಂದು ಎರಡು ಬೌನ್ಸ್ ಮಾಡುವಂತೆಯೂ ಇಲ್ಲ. ಅಂದರೆ ಬೌನ್ಸ್ ಮಾಡಿದವನಿಗೆ ಪಾಸ್ ಸಿಗದಿದ್ದರೆ ಮುಂದಿನದು ಸೋಲೋನೇ ಆಗಬೇಕು. ನಿಮಗೆ ಅದು ಮೊದಲೇ ಗೊತ್ತಾಯಿತು! ಅವನು ಮಂಡಿ ಎತ್ತುತ್ತಾನೆ, ಚೆಂಡು ಬೆರಳು ಬಿಟ್ಟು ಬೂಟಿನ ಕಡೆ ಇಳಿಯುತ್ತದೆ. ಆ ಕ್ಷಣದಲ್ಲಿ ಅದು ಯಾರದ್ದೂ ಅಲ್ಲ. ಅವನ ಪಕ್ಕದಲ್ಲೇ ಓಡುತ್ತಾ, ಅವನಿಗೆ ಹತ್ತಿರದ ಕೈಯನ್ನು ಅಂಗೈ ಬಿಚ್ಚಿ, ಕೆಳಗಿನಿಂದ ಮೇಲಕ್ಕೆ ಒಂದು ತಟ್ಟು ತಟ್ಟಿ. ಮೇಲಿನಿಂದ ಕೆಳಕ್ಕೆ ಬಡಿದರೆ ಮುಂಗೈಗೆ ತಗಲುತ್ತದೆ, ರೆಫರಿ ಸೀಟಿ ಊದುತ್ತಾರೆ. ಕೆಳಗಿನಿಂದ ತಟ್ಟಿದರೆ ಚೆಂಡಿಗೆ ಮಾತ್ರ ತಗಲುತ್ತದೆ. ಇದನ್ನು ಜೋಡಿ ಜೋಡಿಯಾಗಿ ನಿಂತು ಪ್ರಾಕ್ಟೀಸ್ ಮಾಡಿ. ಮೊದಲು ನಡೆಯುತ್ತಾ, ಆಮೇಲೆ ಓಡುತ್ತಾ. ಬೇಜಾರಾಗುವಷ್ಟು ಮಾಡಿ.

ಪಕ್ಕದಲ್ಲಿರುವವರು ಹೆಜ್ಜೆಗಳನ್ನು ಗಟ್ಟಿಯಾಗಿ ಎಣಿಸಲಿ. ಚೆಂಡು ಹಿಡಿದವನಿಗೂ ಅದು ಕೇಳಿಸುತ್ತದೆ, ಅವನಿಗೆ ಅವಸರ ಹುಟ್ಟುತ್ತದೆ. ಆದರೆ ರೆಫರಿ ಹತ್ತಿರ ಹೋಗಿ ವಾದ ಮಾತ್ರ ಬೇಡ. ಈಗ ಎದುರು ಮಾತಾಡಿದರೆ, ಫ್ರೀ ಆದ ಮೇಲೆ ಚೆಂಡು ವಾಪಸ್ ಕೊಡಲು ತಡ ಮಾಡಿದರೆ ಫ್ರೀ 50 ಮೀಟರ್ ಮುಂದಕ್ಕೆ ಹೋಗುತ್ತದೆ. ಹಿಂದೆ ಇದ್ದು ಚೇಸ್ ಮಾಡುತ್ತಿರುವ ತಂಡಕ್ಕೆ ಇದಕ್ಕಿಂತ ದೊಡ್ಡ ಹೊಡೆತ ಇನ್ನೊಂದಿಲ್ಲ.

ಸಿಟ್ಟಿಗೆ ಫೌಲ್ ಮಾಡುವುದು ಅವರಿಗೆ ಉಡುಗೊರೆ ಕೊಟ್ಟ ಹಾಗೆ. ‘ಸೋಲೋ ಅಂಡ್ ಗೋ’ ನಿಯಮದಿಂದ ಫೌಲ್ ಆದವನು ನಿಲ್ಲದೆ ತಾನೇ ಚೆಂಡು ಸೋಲೋ ಮಾಡಿ ಓಡಬಹುದು. ಮೊದಲ ನಾಲ್ಕು ಮೀಟರ್ ನೀವು ಅವನನ್ನು ಮುಟ್ಟುವಂತಿಲ್ಲ. ನೀವು ಕಷ್ಟಪಟ್ಟು ಕಟ್ಟಿದ ಒತ್ತಡ ಒಂದು ಫೌಲ್‌ನಲ್ಲಿ ಒಡೆದುಹೋಗುತ್ತದೆ. ಬೇಕೆಂದೇ ಎಳೆದು ಬೀಳಿಸಿದರೆ ಬ್ಲ್ಯಾಕ್ ಕಾರ್ಡ್, 10 ನಿಮಿಷ ಹೊರಗೆ. ಕೊನೆಯ ಹತ್ತು ನಿಮಿಷದಲ್ಲಿ ಅಂದರೆ ನಿಮ್ಮ ಆಟವೇ ಮುಗಿಯಿತು.

ಎದುರಿನ ಕೀಪರ್ ಮೇಲೆ ಬಂದು ಆಡುತ್ತಿದ್ದಾನೆ ಅನ್ನಿ. ಆಗ ನಿಮ್ಮ ಮೂವರು ಫಾರ್ವರ್ಡ್‌ಗಳು ಸೊಂಟದ ಮೇಲೆ ಕೈ ಇಟ್ಟು ನಿಲ್ಲಬಾರದು. ನಿಯಮದ ಪ್ರಕಾರ ಅವರು ಅಲ್ಲಿ ಇದ್ದೇ ಇರುತ್ತಾರೆ, ಅವರ ಹಿಂದೆ ಗೋಲು ಖಾಲಿ ಇದೆ. ಚೆಂಡು ಸಿಕ್ಕವನು ಹ್ಯಾಂಡ್‌ಪಾಸ್ ಹುಡುಕದೆ ತಲೆ ಎತ್ತಿ ಉದ್ದಕ್ಕೆ ಒದೆಯಬೇಕು. ಒಂದು ಸಲ ಹೀಗೆ ಗೋಲು ಹತ್ತಿರ ಹೋಗಿ ಬಂದರೂ ಸಾಕು, ಆ ಕೀಪರ್ ಮತ್ತೆ ಮೇಲೆ ಬರಲು ಯೋಚನೆ ಮಾಡುತ್ತಾನೆ.

ಒತ್ತದೆ ಕಾಯುತ್ತಾ ಕೂತರೆ ಏನಾಗುತ್ತದೆ ಅನ್ನುವುದಕ್ಕೆ 2025ರ ಆಲ್ ಐರ್ಲೆಂಡ್ ಫೈನಲ್ (ಕೌಂಟಿ ತಂಡಗಳ ಚಾಂಪಿಯನ್‌ಶಿಪ್‌ನ ಕೊನೆಯ ಪಂದ್ಯ) ನೆನಪಿಸಿಕೊಳ್ಳಿ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನ, ಕೆರಿ ಮತ್ತು ಡೊನೆಗಲ್ ಕೌಂಟಿಗಳು. ಮೊದಲರ್ಧದ ಸಮಯ ಮುಗಿಯಿತೆಂಬ ಹೂಟರ್ ಕೂಗಿದ ಮೇಲೆ ಕೆರಿಯ ಡೇವಿಡ್ ಕ್ಲಿಫರ್ಡ್ 40 ಮೀಟರ್ ಆರ್ಕ್‌ನ (ಗೋಲಿನಿಂದ 40 ಮೀಟರ್ ದೂರದ ಕಮಾನು ಗೆರೆ, ಅದರ ಹೊರಗಿನಿಂದ ಬಾರ್ ಮೇಲೆ ಹಾರಿಸಿದರೆ ಒಂದರ ಬದಲು ಎರಡು ಪಾಯಿಂಟ್) ಹೊರಗಿನಿಂದ ಒದ್ದು ಎರಡು ಪಾಯಿಂಟ್ ತೆಗೆದರು. 0-17, 0-10 (ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟ್, ಒಂದು ಗೋಲಿಗೆ ಮೂರು ಪಾಯಿಂಟ್) ಅಂತ ಏಳು ಪಾಯಿಂಟ್ ಅಂತರದಲ್ಲಿ ತಂಡಗಳು ಒಳಗೆ ಹೋದವು. ಕೊನೆಗೆ ಕೆರಿ 1-26, ಡೊನೆಗಲ್ 0-19. ಚೆಂಡು ಯಾರ ಕೈಯಲ್ಲಿದೆಯೋ ಅವರೇ ಹೊಡೆಯುವ ಹೊತ್ತನ್ನೂ ಜಾಗವನ್ನೂ ಆರಿಸುತ್ತಾರೆ. ಆಯ್ಕೆ ಅವರ ಕೈಗೆ ಬಿಡಬೇಡಿ.

ಆ ಆರ್ಕ್ ನಿಮಗೂ ಇದೆ ಅನ್ನುವುದನ್ನು ಮರೆಯಬೇಡಿ. ಎರಡು ಪಾಯಿಂಟ್ ಹಿಂದೆ ಇದ್ದರೆ ಹೊರಗಿನಿಂದ ಒಂದೇ ಕಿಕ್, ಪಂದ್ಯ ಸಮ. ಅಲ್ಲಿಂದ ಹೊಡೆದ ಫ್ರೀಗೂ ಎರಡು ಪಾಯಿಂಟೇ. ಆದರೂ ಐದು ನಿಮಿಷ ಉಳಿದಿದ್ದರೆ ನಾನು ಹೇಳುವುದು, ಸುಲಭದ ಒಂದು ಪಾಯಿಂಟ್ ಸಿಕ್ಕರೆ ಮೊದಲು ಅದನ್ನು ತೆಗೆದುಕೊಳ್ಳಿ. ಯಾಕೆಂದರೆ ನೀವು ಪಾಯಿಂಟ್ ಹೊಡೆದ ಮೇಲೆ ಅವರು ಕಿಕ್‌ಔಟ್ (ಗೋಲಿನ ಮುಂದಿನಿಂದ ಚೆಂಡು ಒದ್ದು ಆಟ ಮತ್ತೆ ಶುರು ಮಾಡುವುದು) ಮಾಡಲೇಬೇಕು, ಅದು ಆರ್ಕ್ ದಾಟಲೇಬೇಕು. ಮೊದಲಿನ ಹಾಗೆ ಮೂಲೆಯಲ್ಲಿ ನಿಂತ ಬ್ಯಾಕ್‌ಗೆ ಹತ್ತು ಗಜದ ಪಾಸ್ ಕೊಟ್ಟು ಮತ್ತೆ ಸುತ್ತು ಶುರು ಮಾಡುವಂತಿಲ್ಲ. ಇಡೀ ಪಂದ್ಯದಲ್ಲಿ ಚೆಂಡು ನ್ಯಾಯವಾಗಿ ಇಬ್ಬರಿಗೂ ಸಿಗುವ ಜಾಗ ಅದೊಂದೇ. ನಿಮ್ಮ ಎತ್ತರದ ಆಟಗಾರರನ್ನೆಲ್ಲ ಅಲ್ಲಿಗೆ ತಂದು ನಿಲ್ಲಿಸಿ.

ಪ್ರಾಕ್ಟೀಸ್‌ನಲ್ಲಿ ಕೊನೆಗೆ ಇದನ್ನು ಆಡಿಸಿ ನೋಡಿ. ಒಂದು ತಂಡ ಎರಡು ಪಾಯಿಂಟ್ ಮುಂದೆ, ಚೆಂಡು ಅವರ ಕೈಯಲ್ಲಿ, ಐದು ನಿಮಿಷ ಬಾಕಿ. ಒತ್ತುವ ತಂಡ ಫೌಲ್ ಮಾಡಿದರೆ ಗಡಿಯಾರದಿಂದ ಅರ್ಧ ನಿಮಿಷ ಕಳೆಯಿರಿ. ಫೌಲ್‌ನ ಬೆಲೆ ಎಷ್ಟು ಅಂತ ಹುಡುಗರಿಗೆ ಬೇಗ ಅರ್ಥ ಆಗುತ್ತದೆ.

ಪ್ರಶ್ನೆ: ನಾನು ಲಿಮರಿಕ್‌ನಲ್ಲಿ ಲೇಡೀಸ್ ಗೇಲಿಕ್ ಫುಟ್‌ಬಾಲ್ ಆಡುತ್ತೇನೆ. ಗಂಡಸರ ಆಟದಲ್ಲಾದರೆ ಭುಜಕ್ಕೆ ಭುಜ ಕೊಟ್ಟು ಚೆಂಡು ಹಿಡಿದವರನ್ನು ಅಲುಗಾಡಿಸಬಹುದು. ನಮಗೆ ಅದೂ ಇಲ್ಲ. ಹಾಗಾದರೆ ಒತ್ತುವುದು ಹೇಗೆ ಅಕ್ಕಾ?
— ಮಿಡ್‌ಫೀಲ್ಡರ್, ಲಿಮರಿಕ್

ಉತ್ತರ: ನಿಜ, ನಮ್ಮ ಆಟದಲ್ಲಿ ಬೇಕೆಂದೇ ಮೈಗೆ ಮೈ ತಾಗಿಸುವಂತಿಲ್ಲ. ಹಾಗಾಗಿ ಚೆಂಡು ಹಿಡಿದವಳ ಮೇಲೆ ಹೋಗುವುದಕ್ಕಿಂತ ಅವಳು ಪಾಸ್ ಕೊಡಬೇಕಾದವಳ ಮೇಲೆ ಕಣ್ಣಿಡಿ. ಅವಳ ಬೆನ್ನ ಹಿಂದೆ ನಿಲ್ಲಬೇಡಿ. ಅರ್ಧ ಹೆಜ್ಜೆ ಮುಂದೆ, ಚೆಂಡು ಬರುವ ಪಕ್ಕದಲ್ಲಿ ನಿಂತು ಒಂದು ಕೈ ಪಾಸ್ ಬರುವ ದಾರಿಯಲ್ಲಿ ಚಾಚಿ. ಬೆರಳು ತಗಲಿ ಚೆಂಡು ನೆಲಕ್ಕೆ ಬಿದ್ದರೂ ಸಾಕು. ಗಂಡಸರ ಹಾಗೆ ನಾವು ಅದನ್ನು ಕಾಲಿನಿಂದ ಎತ್ತಬೇಕಾಗಿಲ್ಲ, ನಿಂತಿದ್ದರೆ ನೆಲದಿಂದ ನೇರವಾಗಿ ಕೈಯಲ್ಲೇ ಎತ್ತಿಕೊಳ್ಳಬಹುದು. ಬಿದ್ದ ಚೆಂಡಿಗೆ ಮೊದಲು ಬಗ್ಗುವವಳದ್ದೇ ಚೆಂಡು. ಅದಕ್ಕೆ ಇಬ್ಬರು ಜೊತೆಯಾಗಿ ಹೋಗಿ. ಒಬ್ಬಳು ತಡೆಯಲಿ, ಇನ್ನೊಬ್ಬಳು ಬಿದ್ದಿದ್ದನ್ನು ಎತ್ತಲಿ. ಚೆಂಡು ಹಿಡಿದವಳ ಎದುರು ಕೈ ಅಗಲಿಸಿ ನಿಂತು, ಹಿಂದಕ್ಕೆ ಸರಿಯುತ್ತಾ, ಸೈಡ್‌ಲೈನ್ ಕಡೆ ಕರೆದುಕೊಂಡು ಹೋಗುವುದನ್ನೂ ಕಲಿಯಿರಿ. ಲೈನ್ ದಾಟಿದರೆ ಚೆಂಡು ನಿಮ್ಮದೇ.

ಪ್ರಶ್ನೆ: ಬ್ಯಾಸ್ಕೆಟ್‌ಬಾಲ್‌ನಲ್ಲಿ 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು. ಇಲ್ಲೂ ಅದನ್ನೇ ತಂದರೆ ಈ ತಲೆನೋವೇ ಇರೋದಿಲ್ಲ ಅಲ್ವಾ? ಹೀಗೆ ಚೆಂಡು ಹಿಡಿದಿಟ್ಟುಕೊಳ್ಳುವುದು ಸುಮ್ನೆ ನೋಡುಗರಿಗೆ ಮಾಡುವ ಮೋಸ.
— ಹಳೆಯ ಅಭಿಮಾನಿ, ಕಾರ್ಕ್

ಉತ್ತರ: ಮೋಸ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸುಸ್ತಾದ ಕಾಲಿನಲ್ಲಿ, ಮಳೆಯಲ್ಲಿ, ಮೈಮೇಲೆ ಬರುವವರ ಮಧ್ಯೆ ಚೆಂಡು ಉಳಿಸಿಕೊಳ್ಳುವುದು ದೊಡ್ಡ ಕಲೆ. ಜಿಮ್ ಗ್ಯಾವಿನ್ ಮ್ಯಾನೇಜರ್ ಆಗಿದ್ದ ಡಬ್ಲಿನ್ ತಂಡ 2015ರಿಂದ 2019ರವರೆಗೆ ಸತತ ಐದು ಸಲ ಆಲ್ ಐರ್ಲೆಂಡ್ ಗೆದ್ದಿದ್ದರಲ್ಲಿ ಈ ಕಲೆಯ ಪಾಲೂ ಇದೆ. ಮುಂದೆ ಹೊಸ ನಿಯಮಗಳನ್ನು ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷರಾದರು ಅನ್ನುವುದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಚೆಂಡು ಹೇಗೆ ಬಚ್ಚಿಡುತ್ತಾರೆ ಅಂತ ಗೊತ್ತಿದ್ದವರು, ಅದನ್ನು ಹೇಗೆ ಹೊರಗೆ ತೆಗೆಸಬೇಕು ಅಂತಲೂ ತಿಳಿದಿದ್ದರು.

ನೋಡುಗರ ಬೇಸರ ಮಾತ್ರ ನಿಜ. 2011ರ ಆಲ್ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಡಬ್ಲಿನ್ 0-8, ಡೊನೆಗಲ್ 0-6. 70 ನಿಮಿಷದ ಆಟಕ್ಕೆ ಎರಡೂ ತಂಡ ಸೇರಿ 14 ಪಾಯಿಂಟ್! ಆಮೇಲೆ ಹಲವು ಪ್ರಯೋಗ ಆದವು. ಸತತ ಮೂರಕ್ಕಿಂತ ಜಾಸ್ತಿ ಹ್ಯಾಂಡ್‌ಪಾಸ್ ಬೇಡ ಅಂತ 2019ರ ಲೀಗ್‌ಗೆ ಮುಂಚಿನ ಟೂರ್ನಿಗಳಲ್ಲಿ ಆಡಿಸಿ ನೋಡಿದರು. ಲೀಗ್ ಶುರುವಾಗುವ ಮೊದಲೇ ಕೈಬಿಟ್ಟರು. ಅದು ಒಳ್ಳೆಯದೇ ಆಯಿತು. ಆಡುವವನೂ ಎಣಿಸಬೇಕು, ರೆಫರಿಯೂ ಎಣಿಸಬೇಕು, ಆಟ ನೋಡುವವರು ಯಾರು?

24 ಸೆಕೆಂಡಿನ ಗಡಿಯಾರಕ್ಕೂ ಇದೇ ತೊಂದರೆ. ಕ್ರೋಕ್ ಪಾರ್ಕ್‌ನಲ್ಲಿ ಅದನ್ನು ಇಡಬಹುದು. ಆದರೆ ಈ ಆಟ ಬದುಕಿರುವುದು ಊರೂರಿನ ಕ್ಲಬ್ ಮೈದಾನಗಳಲ್ಲಿ. ಅಲ್ಲಿ ಒಬ್ಬ ರೆಫರಿ ಇರುತ್ತಾರೆ, ಅವರ ಕೈಯಲ್ಲಿ ಒಂದು ವಾಚು. ಗೋಲಿನ ಹಿಂದೆ ನಿಲ್ಲುವ ಅಂಪೈರ್‌ಗಳು ಎಷ್ಟೋ ಸಲ ಎರಡು ಕ್ಲಬ್ಬಿನವರೇ. ಪ್ರತಿ ಸಲ ಚೆಂಡು ಕೈ ಬದಲಾದಾಗ ಗಡಿಯಾರ ಮತ್ತೆ ಶುರು ಮಾಡಲು ಅಲ್ಲಿ ಯಾರನ್ನು ಕೂರಿಸುತ್ತೀರಿ? ಕೌಂಟಿ ತಂಡಕ್ಕೊಂದು ಆಟ, ಕ್ಲಬ್ಬಿಗೊಂದು ಆಟ ಆಗುವುದು ನನಗೆ ಬೇಡ. ಕೀಪರ್ ಪಾಸ್ ನಿಯಮ, ಕಿಕ್‌ಔಟ್ ನಿಯಮ, ಆ ಕಡೆ ಮೂರು ಈ ಕಡೆ ಮೂರು ಅನ್ನುವ ನಿಯಮ, ಇವೆಲ್ಲ ಸೀಟಿ ಮತ್ತು ಬಿಳಿ ಗೆರೆ ಇದ್ದರೆ ಎಲ್ಲಿ ಬೇಕಾದರೂ ನಡೆಯುತ್ತವೆ. 2025ರ ಅಕ್ಟೋಬರ್‌ನಲ್ಲಿ ಹೊಸ ನಿಯಮಗಳು ಕಾಯಂ ಆಗಿವೆ. ಅವನ್ನು ಬಳಸಿ ಒತ್ತುವುದನ್ನು ನಮ್ಮ ಕ್ಲಬ್ಬುಗಳು ಇನ್ನೂ ಕಲಿಯುತ್ತಿವೆ, ಒಂದೆರಡು ಸೀಸನ್ ಕೊಟ್ಟು ನೋಡಿ.