ಕಾರ್ಡು ಕೈಯಲ್ಲಿದೆ, ಮಾತ್ರೆಗೆ ಮಾತ್ರ ದುಡ್ಡು ಹೊಂದಿಸಬೇಕು

ಪ್ರಶ್ನೆ: ನಮ್ಮ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡ್ ಇದೆ. ಆದರೂ ತಾಯಿಯವರ ಸಕ್ಕರೆ ಕಾಯಿಲೆ ಮತ್ತು ಬಿಪಿ ಮಾತ್ರೆಗಳಿಗೆ, ರಕ್ತಪರೀಕ್ಷೆಗೆ ಪ್ರತಿ ತಿಂಗಳೂ ಸಾಲ ಮಾಡುವಂತಾಗಿದೆ. ಸ್ವಾತಂತ್ರ್ಯ ಬಂದು ಇಷ್ಟು ವರ್ಷಗಳಾದ ಮೇಲೂ ಹಳ್ಳಿಯವರಿಗೆ ಈ ಸ್ಥಿತಿ ಏಕೆ?
– ಓದುಗರೊಬ್ಬರು, ಶಿರಾ ತಾಲ್ಲೂಕು

ಉತ್ತರ: ಮಾನ್ಯರೇ, 2018ರಲ್ಲಿ ಆರಂಭವಾದ ಈ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆಯಾದರೂ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ರೂಪುಗೊಂಡದ್ದು. ನಿಮ್ಮ ತಾಯಿಯವರಿಗೆ ಬೇಕಾಗಿರುವುದು ಆಸ್ಪತ್ರೆಯ ಹಾಸಿಗೆಯಲ್ಲ. ಜೀವನಪೂರ್ತಿ ತಪ್ಪದೆ ಸಿಗುವ ಮಾತ್ರೆ, ಆಗಾಗ ನಡೆಯುವ ತಪಾಸಣೆ, ಪರಿಚಿತ ವೈದ್ಯರ ಸಲಹೆ ಅವರಿಗೆ ಬೇಕು. ಇದು ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸ, ಮತ್ತು ನಮ್ಮ ದೇಶ ಅತಿ ಹೆಚ್ಚು ಕಡೆಗಣಿಸಿದ್ದು ಈ ಕೆಲಸವನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ಸಲಹೆ ನೀಡಲು 1943ರಲ್ಲಿ ನೇಮಕವಾದ ಭೋರ್ ಸಮಿತಿಯು 1946ರಲ್ಲಿ ಸಲ್ಲಿಸಿದ ವರದಿಯಲ್ಲಿ, ಹಣವಿಲ್ಲವೆಂಬ ಕಾರಣಕ್ಕೆ ಯಾರೊಬ್ಬರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ಹೇಳಿತ್ತು. ಮುಂದೆ 10ರಿಂದ 20 ಸಾವಿರ ಜನರಿಗೊಂದರಂತೆ 75 ಹಾಸಿಗೆಗಳ ಆಸ್ಪತ್ರೆ ಇರಬೇಕೆಂಬುದು ಅದರ ದೂರದ ಗುರಿಯಾಗಿತ್ತು. 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತೆರೆದವು. ಆದರೆ ಬಯಲು ಸೀಮೆಯಲ್ಲಿ 30 ಸಾವಿರ ಜನರಿಗೆ ಒಂದು ಕೇಂದ್ರ, ಅದರಲ್ಲಿ ಬೆರಳೆಣಿಕೆಯ ಹಾಸಿಗೆಗಳು ಎಂಬಲ್ಲಿಗೆ ನಮ್ಮ ಮಾನದಂಡ ನಿಂತಿತು.

ಸಾಧನೆಯೇ ಆಗಿಲ್ಲವೆಂದರೆ ಅನ್ಯಾಯವಾದೀತು. ಸ್ವಾತಂತ್ರ್ಯದ ಕಾಲಕ್ಕೆ 32 ವರ್ಷಗಳ ಆಸುಪಾಸಿನಲ್ಲಿದ್ದ ಸರಾಸರಿ ಜೀವಿತಾವಧಿ ಇಂದು 70 ತಲುಪಿದೆ. 1975ರ ನಂತರ ದೇಶದಲ್ಲಿ ಸಿಡುಬು ಹರಡಿಲ್ಲ. ನೈಸರ್ಗಿಕ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡುಬಂತು. ಇಷ್ಟು ದೊಡ್ಡ ಜನಸಂಖ್ಯೆಯಲ್ಲಿ ಪ್ರತಿ ಮಗುವಿನ ಬಾಯಿಗೂ ಲಸಿಕೆಯ ಹನಿ ತಲುಪಿಸಿದ ಕಾರ್ಯಕರ್ತೆಯರ ಶ್ರಮ ಅಸಾಧಾರಣವಾದುದು. ಆದರೆ ಒಂದು ರೋಗ, ಒಂದು ಲಸಿಕೆ, ಒಂದು ಆಂದೋಲನ ಎಂಬ ಈ ಕ್ರಮವು ವರ್ಷಾನುಗಟ್ಟಲೆ ಆರೈಕೆ ಬೇಡುವ ಕಾಯಿಲೆಗಳಿಗೆ ಹೊಂದುವುದಿಲ್ಲ.

ಈ ಮಾತಿಗೆ ನಿಮ್ಮ ತುಮಕೂರು ಜಿಲ್ಲೆಯೇ ಸಾಕ್ಷಿ ನುಡಿಯುತ್ತದೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಜ್ಞರು ಆ ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಪೀಡಿತರನ್ನು ಕಂಡು ವಿಚಾರಿಸಿದ್ದರು. ಹಳ್ಳಿಗರಿಗೆ ತಿಳಿವಳಿಕೆ ಸಾಲದು, ಅವರು ಆಸ್ಪತ್ರೆಗೆ ಬರುವುದೇ ಇಲ್ಲ ಎಂಬುದು ಆಗ ಅನೇಕರ ನಂಬಿಕೆ. ಅಧ್ಯಯನ ಕಂಡದ್ದೇ ಬೇರೆ: ಬಹುಪಾಲು ರೋಗಿಗಳು ತಮ್ಮ ಲಕ್ಷಣಗಳನ್ನು ಗಮನಿಸಿ ಚಿಂತಿತರಾಗಿದ್ದರು, ಅರ್ಧದಷ್ಟು ಮಂದಿ ಚಿಕಿತ್ಸೆಯನ್ನು ಅರಸಿಕೊಂಡು ಹೋಗಿಯೂ ಇದ್ದರು, ಆದರೆ ಅವರಲ್ಲಿ ಅನೇಕರು ರೋಗ ಪತ್ತೆಯಾಗದೆ ಕೆಮ್ಮಿನ ಔಷಧಿಯ ಬಾಟಲಿಯೊಂದಿಗೆ ಮರಳಿದ್ದರು. ಕಫ ಪರೀಕ್ಷೆ ಮತ್ತು ಔಷಧಿ ಎರಡೂ ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಸಿಗಬೇಕೆಂಬ ಚಿಂತನೆ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ತಳಹದಿಯಾದದ್ದು ಹೀಗೆ. ಜನ ಬಾಗಿಲಿಗೆ ಬಂದಿದ್ದರು, ಒಳಗೆ ಸಿದ್ಧತೆ ಇರಲಿಲ್ಲ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಇಂದಿಗೂ ಹಲವೆಡೆ ಇದೇ ಆಗುತ್ತಿದೆ.

ಹಣದ ಪ್ರಶ್ನೆಯೂ ಇದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ಕೊಡುವ ಪಾಲು ಅಧಿಕೃತ ಲೆಕ್ಕದಂತೆ 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ಇದು ಒಳ್ಳೆಯ ಬೆಳವಣಿಗೆಯೇ. ಆದರೆ 2025ರೊಳಗೆ ಸರ್ಕಾರಗಳ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿದ್ದರೂ 2021-22ರಲ್ಲಿ ಅದು ಶೇ. 1.84 ಮಾತ್ರ ಇತ್ತು.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು. ತಾಯಿಯವರ ಹಳೆಯ ಚೀಟಿಗಳೊಂದಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಸಾಂಕ್ರಾಮಿಕ (ಸಕ್ಕರೆ ಕಾಯಿಲೆ, ಬಿಪಿಯಂಥ, ಒಬ್ಬರಿಂದೊಬ್ಬರಿಗೆ ಹರಡದ) ರೋಗಗಳ ಪಟ್ಟಿಯಲ್ಲಿ ಅವರ ಹೆಸರನ್ನು ದಾಖಲಿಸಿ. ಈ ಎರಡೂ ಕಾಯಿಲೆಗಳಿಗೆ ಸಾಮಾನ್ಯವಾಗಿ ಬರೆಯುವ ಮೆಟ್‌ಫಾರ್ಮಿನ್, ಆಮ್ಲೊಡಿಪಿನ್‌ನಂಥ ಮಾತ್ರೆಗಳು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗಬೇಕಾದವು. ದಾಸ್ತಾನು ಇಲ್ಲವೆಂದರೆ ಆ ಕೇಂದ್ರದ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಗೆ ಲಿಖಿತ ದೂರು ಕೊಡಿ, ಅಲ್ಲಿಯವರೆಗೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ವೈದ್ಯರನ್ನು ಕೇಳದೆ ಮಾತ್ರೆ ಬದಲಿಸುವುದಾಗಲಿ, ದುಡ್ಡಿಲ್ಲವೆಂದು ಕೆಲವು ದಿನ ನಿಲ್ಲಿಸುವುದಾಗಲಿ ಬೇಡ.

ಪ್ರಶ್ನೆ: ವೈದ್ಯಕೀಯ ಕಾಲೇಜುಗಳು ಹೆಚ್ಚಿದರೆ ಹಳ್ಳಿಗಳಿಗೆ ವೈದ್ಯರು ಸಿಗುವುದಿಲ್ಲವೇ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಕಾಲೇಜುಗಳು ಆಗಲೇ ಹೆಚ್ಚಿವೆ. 2014ರಲ್ಲಿ ದೇಶದಲ್ಲಿ 387 ಇದ್ದವು, ಹತ್ತು ವರ್ಷಗಳಲ್ಲಿ 700 ದಾಟಿದವು. 1953ರಲ್ಲೇ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭವಾದ ನಾಡು ನಮ್ಮದು. ಹೀಗಿದ್ದರೂ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞರ ಪೈಕಿ ಸುಮಾರು ಶೇ. 80ರಷ್ಟು ಕೊರತೆ ಇರುವುದನ್ನು ಕೇಂದ್ರ ಸರ್ಕಾರದ 2021-22ರ ಅಂಕಿಅಂಶವೇ ತೋರಿಸಿತ್ತು. ಕರ್ನಾಟಕವು ಕಡ್ಡಾಯ ಗ್ರಾಮೀಣ ಸೇವೆಗೆ 2012ರಲ್ಲಿ ಕಾಯ್ದೆ ತಂದಿತು, ಆದರೆ ಒಂದು ವರ್ಷದ ಸೇವೆಗೆ ಬಂದವರು ಊರಿನ ಪರಿಚಯವಾಗುವ ಹೊತ್ತಿಗೆ ಹೊರಟುಬಿಡುತ್ತಾರೆ. ಸ್ತ್ರೀರೋಗ ತಜ್ಞೆಯನ್ನು ಒಂದು ಕಡೆಗೂ ಅರಿವಳಿಕೆ ತಜ್ಞರನ್ನು ಇನ್ನೊಂದು ಕಡೆಗೂ ನೇಮಿಸಿದರೆ ಎರಡೂ ಕಡೆ ಸಿಸೇರಿಯನ್ ನಡೆಯುವುದಿಲ್ಲ. ತಂಡವಾಗಿ ನೇಮಕ, ವಾಸಕ್ಕೆ ಯೋಗ್ಯವಾದ ವಸತಿಗೃಹ, ಮಕ್ಕಳಿಗೆ ಶಾಲೆ, ಗ್ರಾಮೀಣ ಸೇವೆ ಮಾಡಿದವರಿಗೆ ಉನ್ನತ ವ್ಯಾಸಂಗದಲ್ಲಿ ಆದ್ಯತೆ – ಇವಿಲ್ಲದೆ ಸೀಟುಗಳನ್ನಷ್ಟೇ ಹೆಚ್ಚಿಸಿದರೆ ವೈದ್ಯರು ನಗರಗಳಲ್ಲೇ ಹೆಚ್ಚುತ್ತಾರೆ.

ಪ್ರಶ್ನೆ: ಆಶಾ ಕಾರ್ಯಕರ್ತೆಯರು ಸರ್ಕಾರಿ ನೌಕರರೇ?
– ಓದುಗರು, ಹಾಸನ

ಉತ್ತರ: ಅಲ್ಲ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಡಿ ಸುಮಾರು ಸಾವಿರ ಜನರಿಗೆ ಒಬ್ಬರಂತೆ ಆಯ್ಕೆಯಾದ ಇವರನ್ನು ಸ್ವಯಂಸೇವಕಿಯರೆಂದೇ ಪರಿಗಣಿಸಲಾಗಿದ್ದು, ಗೌರವಧನ ಮತ್ತು ಪ್ರೋತ್ಸಾಹಧನ ಮಾತ್ರ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಇವರ ಸೇವೆಯನ್ನು ಗೌರವಿಸಿತು. ಗರ್ಭಿಣಿಯರ ನೋಂದಣಿಯಿಂದ ಹಿಡಿದು ಬಿಪಿ ಸಮೀಕ್ಷೆಯವರೆಗಿನ ಕೆಲಸವನ್ನು ಅವರ ಹೆಗಲಿಗೇರಿಸಿರುವಾಗ, ನಿಗದಿತ ವೇತನ ಮತ್ತು ಸಾಮಾಜಿಕ ಭದ್ರತೆಗಾಗಿ ಅವರು ಮುಂದಿಟ್ಟಿರುವ ಬೇಡಿಕೆ ಸಂಪೂರ್ಣ ನ್ಯಾಯಯುತವಾದದ್ದು.