ಸಿಮ್ ಅದೇ, ಫೋನ್ ಬೇರೆ: ಡೊಮೇನ್-ಹೋಸ್ಟಿಂಗ್ ಗೊಂದಲ ಮತ್ತು ಗೂಗಲ್ ರ‍್ಯಾಂಕ್

ಈ ಬಾರಿ ಬಂದ ಪತ್ರಗಳಲ್ಲಿ ಐದನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕಷ್ಟ ಬೇರೆ ಬೇರೆ, ಮೂಲ ಒಂದೇ: ಡೊಮೇನ್ ಯಾವುದು, ಹೋಸ್ಟಿಂಗ್ ಯಾವುದು ಅನ್ನುವುದು ಕಲಸಿಹೋಗಿದೆ. ಎರಡನ್ನೂ ಒಂದೇ ಕಂಪನಿಯಿಂದ ಒಂದೇ ಬಿಲ್ಲಿನಲ್ಲಿ ಕೊಂಡವರಿಗೆ ಹಾಗೆ ಆಗುವುದು ಸಹಜ. ಡೊಮೇನ್ ಅಂದರೆ ಸೈಟಿನ ಹೆಸರು, ನಿಮ್ಮ ಫೋನ್ ನಂಬರ್ ಇದ್ದ ಹಾಗೆ. ಹೋಸ್ಟಿಂಗ್ ಅಂದರೆ ಸೈಟಿನ ಪುಟಗಳನ್ನು ಇಡುವ ಕಂಪ್ಯೂಟರಿನಲ್ಲಿ (ಸರ್ವರ್) ಕೊಂಡ ಜಾಗ, ಅದು ಹ್ಯಾಂಡ್‌ಸೆಟ್. ಯಾವ ನಂಬರಿಗೆ ಕರೆ ಬಂದರೆ ಯಾವ ಹ್ಯಾಂಡ್‌ಸೆಟ್ ರಿಂಗ್ ಆಗಬೇಕು ಅಂತ ಹೇಳುವುದು ಡಿಎನ್‌ಎಸ್. ಇಷ್ಟು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಪ್ರಶ್ನೆ: ಸರ್, ಆರು ವರ್ಷದಿಂದ ವ್ಯಾಕರಣ ಪಾಠಗಳ ಸೈಟು ನಡೆಸುತ್ತಿದ್ದೇನೆ. ಹೋದ ತಿಂಗಳು ಹೋಸ್ಟಿಂಗ್ ಕಂಪನಿ ಬದಲಾಯಿಸಿದೆ. ಅವರು ಕೊಟ್ಟ ತಾತ್ಕಾಲಿಕ ವಿಳಾಸದಲ್ಲಿ ಎಲ್ಲ ಜೋಡಿಸಿ, ನೋಡಿ, ಆಮೇಲೆ ಡಿಎನ್‌ಎಸ್ ಬದಲಾಯಿಸಿದೆ. ಡೊಮೇನ್ ಅದೇ ಇದೆ. ಆದರೂ ಮೂರು ವಾರದಲ್ಲಿ ಗೂಗಲ್‌ನಿಂದ ಬರುವವರು ಅರ್ಧಕ್ಕಿಂತ ಕಡಿಮೆಯಾದರು. ನನ್ನ ಮೊಬೈಲಿನಲ್ಲಿ ಸೈಟು ಚೆನ್ನಾಗೇ ತೆರೆಯುತ್ತಿದೆ. ಹೊಸ ಐಪಿ (ಸರ್ವರಿನ ಅಂಕಿಯ ವಿಳಾಸ) ಗೂಗಲ್‌ಗೆ ಇಷ್ಟವಾಗಲಿಲ್ಲವೇ? ಹಳೇ ಕಂಪನಿಗೇ ವಾಪಸ್ ಹೋಗಲೇ?

ಉತ್ತರ: ವಾಪಸ್ ಹೋಗಬೇಡಿ. ಐಪಿ ಬದಲಾಯಿತು ಅಂತ ಗೂಗಲ್ ಯಾರನ್ನೂ ಕೆಳಗೆ ತಳ್ಳುವುದಿಲ್ಲ. ನಿಮ್ಮ ಆರು ವರ್ಷದ ದುಡಿಮೆ, ಬೇರೆಯವರು ಕೊಟ್ಟ ಲಿಂಕುಗಳು, ಎಲ್ಲವೂ ಅಂಟಿಕೊಂಡಿರುವುದು ಒಂದೊಂದು ಪುಟದ ವಿಳಾಸಕ್ಕೆ. ಸರ್ವರಿಗಲ್ಲ. ಸರ್ವರ್ ಬದಲಾದಾಗ ಗೂಗಲ್‌ಬಾಟ್ (ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಪ್ರೋಗ್ರಾಂ) ಬಂದುಹೋಗುವುದು ಕೆಲವು ದಿನ ಕಡಿಮೆಯಾಗಿ ಆಮೇಲೆ ತಾನಾಗಿ ಏರುತ್ತದೆ, ಅಷ್ಟೇ. ಮೂರು ವಾರವಾದರೂ ಇಳಿಯುತ್ತಲೇ ಇದೆ ಅಂದರೆ, ಅದೇ ವಿಳಾಸಕ್ಕೆ ಬಂದ ಗೂಗಲ್‌ಬಾಟ್‌ಗೆ ಮೊದಲಿಗಿಂತ ಬೇರೆ ಉತ್ತರ ಸಿಗುತ್ತಿದೆ. ನಿಮ್ಮ ಮೊಬೈಲಿನಲ್ಲಿ ತೆರೆಯುತ್ತದೆ ಅನ್ನುವುದು ಸಾಕ್ಷಿಯಲ್ಲ, ಯಾಕಂದರೆ ನಿಮಗೆ ಕಾಣುವುದೂ ಅದಕ್ಕೆ ಕಾಣುವುದೂ ಒಂದೇ ಆಗಿರಬೇಕಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು 'ತಾತ್ಕಾಲಿಕ ವಿಳಾಸ'. ಅಲ್ಲಿ ಕೆಲಸ ಮಾಡುವಾಗ ಅರ್ಧಂಬರ್ಧ ಸೈಟು ಗೂಗಲ್‌ಗೆ ಸಿಗಬಾರದು ಅಂತ ಎಲ್ಲರೂ ಒಂದು ತಡೆ ಹಾಕುತ್ತಾರೆ. ವರ್ಡ್‌ಪ್ರೆಸ್‌ನಲ್ಲಾದರೆ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ, ಸರ್ಚ್ ಎಂಜಿನ್‌ಗಳನ್ನು ದೂರವಿಡಲು ಒಂದು ಟಿಕ್ ಇದೆ. ಅದನ್ನು ಹಾಕಿದರೆ ಪ್ರತಿ ಪುಟದ ಒಳಗೂ 'ನೋಇಂಡೆಕ್ಸ್', ಅಂದರೆ ಹುಡುಕಾಟದಲ್ಲಿ ಸೇರಿಸಬೇಡಿ ಅನ್ನುವ ಸೂಚನೆ ಸೇರುತ್ತದೆ. ಸೈಟು ನಿಜವಾದ ಡೊಮೇನಿಗೆ ಬಂದಾಗ ಟಿಕ್ ತೆಗೆಯುವುದು ಮರೆತುಹೋಗುತ್ತದೆ. ಓದುಗರಿಗೆ ಏನೂ ಗೊತ್ತಾಗುವುದಿಲ್ಲ, ಗೂಗಲ್ ಮಾತ್ರ ಪುಟಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗುತ್ತದೆ. ನಿಮ್ಮಲ್ಲಿ ಒಂದೇ ದಿನದಲ್ಲಿ ಎಲ್ಲ ಮಾಯವಾಗದೆ ಮೂರು ವಾರದಲ್ಲಿ ಅರ್ಧ ಹೋಗಿದೆ ಅಲ್ವಾ? ಈ ತಪ್ಪು ಆದಾಗ ಹೀಗೇ ಆಗುತ್ತದೆ. ಮೊದಲು ಅದನ್ನೇ ನೋಡಿ.

ಟಿಕ್ ಇಲ್ಲವಾದರೆ, ಯಾವುದಾದರೂ ಪುಟದ ಸೋರ್ಸ್ (ಪುಟದ ಹಿಂದಿನ ಕೋಡ್) ತೆರೆದು 'ಕ್ಯಾನಾನಿಕಲ್' (canonical) ಅಂತ ಹುಡುಕಿ. ಈ ಪುಟದ ಅಸಲಿ ವಿಳಾಸ ಯಾವುದು ಅಂತ ಗೂಗಲ್‌ಗೆ ಹೇಳುವ ಸಾಲು ಅದು. ಅಲ್ಲಿ ನಿಮ್ಮ ಡೊಮೇನಿನ ಬದಲು ಆ ತಾತ್ಕಾಲಿಕ ವಿಳಾಸ ಉಳಿದುಕೊಂಡಿದ್ದರೆ, 'ನಾನು ನಕಲು, ಅಸಲಿ ಅಲ್ಲಿದೆ' ಅಂತ ನಿಮ್ಮ ಪುಟವೇ ಹೇಳಿದ ಹಾಗೆ. ಆ ತಾತ್ಕಾಲಿಕ ವಿಳಾಸ ಈಗಲೂ ತೆರೆಯುತ್ತಿದ್ದರೆ ಮುಚ್ಚಿಸಿ, ಇಲ್ಲವೇ ಅಲ್ಲಿಗೆ ಬಂದವರನ್ನು ತಾನಾಗಿ ಅಸಲಿ ಡೊಮೇನಿಗೆ ಕಳಿಸುವ ರಿಡೈರೆಕ್ಟ್ ಹಾಕಿಸಿ.

ಇನ್ನೊಂದು ಜಾಗವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಡಿಎನ್‌ಎಸ್‌ನಲ್ಲಿ ಸರ್ವರ್ ವಿಳಾಸ ಎರಡು ಕಡೆ ಇರಬಹುದು: ಎ ರೆಕಾರ್ಡ್ ಹಳೇ ಬಗೆಯ ಐಪಿ ವಿಳಾಸಕ್ಕೆ (ಐಪಿವಿ4), ನಾಲ್ಕು ಎ ಇರುವ ರೆಕಾರ್ಡ್ (AAAA) ಹೊಸ ಬಗೆಯದಕ್ಕೆ (ಐಪಿವಿ6). ಜನ ಎ ರೆಕಾರ್ಡ್ ಬದಲಾಯಿಸಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ, ಇನ್ನೊಂದು ಹಳೇ ಸರ್ವರನ್ನೇ ತೋರಿಸುತ್ತಾ ಕೂತಿರುತ್ತದೆ. ಆಗ ಐಪಿವಿ6 ಮೂಲಕ ಬಂದವರು ಹಳೇ ಸೈಟನ್ನೋ, ಮುಚ್ಚಿದ ಬಾಗಿಲನ್ನೋ ನೋಡುತ್ತಾರೆ. ಉಳಿದವರಿಗೆ ಎಲ್ಲ ಸರಿ.

ಹೊಸ ಕಂಪನಿಯ ಫೈರ್‌ವಾಲ್ ಗೂಗಲ್‌ಬಾಟನ್ನೇ ತಡೆಯುತ್ತಿರುವುದೂ ಉಂಟು. ಸುಮ್ನೆ ಊಹೆ ಮಾಡುತ್ತಾ ಕೂರುವ ಬದಲು ಸರ್ಚ್ ಕನ್ಸೋಲ್ (ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸಾಧನ) ತೆರೆಯಿರಿ. ಅದರ ಸೆಟ್ಟಿಂಗ್ಸ್‌ನಲ್ಲಿ 'ಕ್ರಾಲ್ ಸ್ಟ್ಯಾಟ್ಸ್' ಅಂತಿದೆ. ಡಿಎನ್‌ಎಸ್ ಸಿಕ್ಕಿತೇ, ಸರ್ವರ್ ಉತ್ತರ ಕೊಟ್ಟಿತೇ, ರೋಬಾಟ್ಸ್ ಫೈಲ್ (ಯಾವ ಪುಟ ಓದಬಹುದು, ಯಾವುದು ಬೇಡ ಅಂತ ಬಾಟ್‌ಗಳಿಗೆ ಹೇಳುವ ಫೈಲ್) ಓದಲು ಬಂತೇ ಅನ್ನುವುದನ್ನು ಅಲ್ಲಿ ಬೇರೆ ಬೇರೆಯಾಗಿ ತೋರಿಸುತ್ತಾರೆ. ಮೂರನೆಯದು ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ರೋಬಾಟ್ಸ್ ಫೈಲ್ ಇಲ್ಲದೇ 404 ('ಇಲ್ಲ' ಅನ್ನುವ ಉತ್ತರ) ಬಂದರೆ ಗೂಗಲ್‌ಗೆ ತೊಂದರೆಯಿಲ್ಲ, ತಡೆಯಿಲ್ಲ ಅಂತ ತಿಳಿದು ಮುಂದೆ ಹೋಗುತ್ತದೆ. ಆದರೆ ಆ ಫೈಲ್ ಕೇಳಿದಾಗ ಸರ್ವರ್ 500 ಅಥವಾ 503 (ಸರ್ವರಿನದೇ ತೊಂದರೆ) ಅಂತ ಉತ್ತರ ಕೊಟ್ಟರೆ ಮೊದಲ 12 ಗಂಟೆ ಇಡೀ ಸೈಟನ್ನು ಓದುವುದನ್ನೇ ನಿಲ್ಲಿಸುತ್ತದೆ, ಆಮೇಲೆ 30 ದಿನದವರೆಗೆ ತನ್ನ ಬಳಿ ಇರುವ ಹಳೇ ಪ್ರತಿಯನ್ನು ನಂಬಿ ನಡೆಯುತ್ತದೆ. ಕೊನೆಗೆ, ಮುಖ್ಯ ಅನ್ನಿಸುವ ಹತ್ತು ಪುಟಗಳನ್ನು ಕನ್ಸೋಲಿನ 'ಯುಆರ್‌ಎಲ್ ಇನ್‌ಸ್ಪೆಕ್ಷನ್'ನಲ್ಲಿ ಹಾಕಿ ಲೈವ್ ಟೆಸ್ಟ್ ಮಾಡಿ. ಗೂಗಲ್‌ಬಾಟ್‌ಗೆ ಈಗ ಕಾಣುವುದನ್ನೇ ಅದು ತೋರಿಸುತ್ತದೆ. ತಪ್ಪು ಸಿಕ್ಕಿ ಸರಿಮಾಡಿದ ಮೇಲೆ ಗೂಗಲ್‌ಬಾಟ್ ಮತ್ತೆ ಓದುತ್ತಾ ಹೋದ ಹಾಗೆ ಪುಟಗಳು ಹಿಂದಿರುಗುತ್ತವೆ. ಧೈರ್ಯವಾಗಿರಿ.

ಪ್ರಶ್ನೆ: ನಮ್ಮ ಸಂಸ್ಥೆಯ ಹೆಸರು ಬದಲಾಯಿತು, ಹೊಸ ಡೊಮೇನ್ ಕೊಂಡೆವು. ಹಳೇ ಡೊಮೇನ್ ಕೊಂಡ ಕಡೆ ಪ್ಯಾನಲ್‌ನಲ್ಲಿ 'ಫಾರ್ವರ್ಡಿಂಗ್' ಇತ್ತು, ಅದನ್ನು ಹಾಕಿದೆವು. ಎರಡು ತಿಂಗಳಾಯಿತು, ಗೂಗಲ್‌ನಲ್ಲಿ ಹಳೆಯದೂ ಸರಿಯಾಗಿ ಇಲ್ಲ, ಹೊಸದೂ ಮೇಲೆ ಬರುತ್ತಿಲ್ಲ. ಹಳೆಯದರ ನವೀಕರಣ ಮುಂದಿನ ತಿಂಗಳು. ಬಿಟ್ಟುಬಿಡಬಹುದಾ?

ಉತ್ತರ: ದಯವಿಟ್ಟು ಬಿಡಬೇಡಿ! ಇವತ್ತೇ ನವೀಕರಿಸಿ, ಮಿಕ್ಕಿದ್ದು ಆಮೇಲೆ.

ಹಿಂದಿನ ಪತ್ರದವರು ಹ್ಯಾಂಡ್‌ಸೆಟ್ ಬದಲಾಯಿಸಿದ್ದರು, ನೀವು ನಂಬರನ್ನೇ ಬದಲಾಯಿಸಿದ್ದೀರಿ. ಇದು ದೊಡ್ಡ ಕೆಲಸ. ಹಳೇ ನಂಬರಿಗೆ ಸಿಕ್ಕಿದ್ದ ಹೆಸರನ್ನು ಹೊಸದಕ್ಕೆ ದಾಟಿಸಬೇಕು, ದಾಟಿಸುವ ಸೇತುವೆ ರಿಡೈರೆಕ್ಟ್. ನೀವು ಹಾಕಿರುವ ಫಾರ್ವರ್ಡಿಂಗ್ ಯಾವ ಬಗೆಯದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೆಲವು ಪ್ಯಾನಲ್‌ಗಳಲ್ಲಿ 'ಮಾಸ್ಕಿಂಗ್' ಜೊತೆಗಿನ ಫಾರ್ವರ್ಡಿಂಗ್ ಇರುತ್ತದೆ. ಮೇಲೆ ಹಳೇ ವಿಳಾಸವೇ ಕಾಣುತ್ತದೆ, ಒಳಗೆ ಒಂದು ಫ್ರೇಮ್ ಇಟ್ಟು ಹೊಸ ಸೈಟನ್ನು ತೋರಿಸುತ್ತಾರೆ. ನೋಡುವವರಿಗೆ ಚೆಂದ, ರ‍್ಯಾಂಕ್ ದಾಟಿಸಲು ಅದು ಪ್ರಯೋಜನಕ್ಕಿಲ್ಲ. ಅದು ರಿಡೈರೆಕ್ಟೇ ಅಲ್ಲ, ಹಳೇ ವಿಳಾಸದಲ್ಲಿ ಹೆಚ್ಚುಕಡಿಮೆ ಖಾಲಿ ಪುಟ ಒಂದು ಕೂತಿದೆ. ಹಾಕಿದ್ದರೆ ತೆಗೆಸಿ.

ಮಾಸ್ಕಿಂಗ್ ಇಲ್ಲದಿದ್ದರೂ ಇನ್ನೊಂದು ಹಳ್ಳ ಇದೆ. ಇಂಥ ಫಾರ್ವರ್ಡಿಂಗ್ ಎಷ್ಟೋ ಕಡೆ ಹಳೇ ಸೈಟಿನ ಎಲ್ಲ ಪುಟಗಳನ್ನೂ ಹೊಸ ಸೈಟಿನ ಮೊದಲ ಪುಟಕ್ಕೆ ತಂದು ಬಿಡುತ್ತದೆ. ನಿಮ್ಮಲ್ಲಿ ಇನ್ನೂರು ಪುಟ ಇತ್ತು ಅಂತಿಟ್ಟುಕೊಳ್ಳಿ, ಇನ್ನೂರೂ ಒಂದೇ ಬಾಗಿಲಿಗೆ ಬಂದು ನಿಂತರೆ ಗೂಗಲ್ 'ಆ ಪುಟ ಇಲ್ಲ, ಸುಮ್ನೆ ಮೊದಲ ಪುಟ ತೋರಿಸುತ್ತಿದ್ದಾರೆ' ಅಂದುಕೊಂಡು ಅದನ್ನು 404 ಲೆಕ್ಕಕ್ಕೇ ಸೇರಿಸಬಹುದು. ಹಳೇ ಪುಟಕ್ಕೆ ಅದೇ ವಿಷಯದ ಹೊಸ ಪುಟ, ಒಂದಕ್ಕೆ ಒಂದು, ಹಾಗೆ 301 (ಶಾಶ್ವತ ರಿಡೈರೆಕ್ಟ್) ಹಾಕಬೇಕು. ಇದಕ್ಕೆ ಹಳೇ ಡೊಮೇನಿಗೂ ಚಿಕ್ಕದೊಂದು ಹೋಸ್ಟಿಂಗ್ ಬೇಕಾಗಬಹುದು, ಇಲ್ಲವೇ ಎರಡೂ ಡೊಮೇನ್ ಒಂದೇ ಸರ್ವರನ್ನು ತೋರಿಸುವಂತೆ ಮಾಡಿ ಅಲ್ಲೇ ನಿಯಮ ಬರೆಯಬಹುದು.

ರಿಡೈರೆಕ್ಟ್‌ನಿಂದ ಬಲ ಸೋರಿಹೋಗುತ್ತದೆ ಅನ್ನುವ ಹಳೇ ಭಯ ಬೇಡ. ಹಾಗಾಗುವುದಿಲ್ಲ ಅಂತ ಗೂಗಲ್‌ನ ಗ್ಯಾರಿ ಇಲಿಯಸ್ 2016ರಲ್ಲೇ ಹೇಳಿದ್ದಾರೆ. ಆದರೂ 302 ಅಂದರೆ ತಾತ್ಕಾಲಿಕ, 301 ಅಂದರೆ ಶಾಶ್ವತ. ನಿಮ್ಮದು ಶಾಶ್ವತ, ಹಾಗೇ ಹೇಳಿ.

301 ಸರಿಯಾದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ 'ಚೇಂಜ್ ಆಫ್ ಅಡ್ರೆಸ್' ಬಳಸಿ. ಎರಡೂ ಡೊಮೇನ್‌ಗಳಿಗೆ ಒಂದೇ ಗೂಗಲ್ ಖಾತೆ ಮಾಲೀಕ ಆಗಿರಬೇಕು. ಈ ಸೂಚನೆ 180 ದಿನ ಜಾರಿಯಲ್ಲಿರುತ್ತದೆ. ರಿಡೈರೆಕ್ಟ್‌ಗಳನ್ನು ಕನಿಷ್ಠ 1 ವರ್ಷ ಇಡಿ ಅಂತ ಗೂಗಲ್ ಹೇಳುತ್ತದೆ. ನನ್ನ ಮಾತು ಕೇಳುವುದಾದರೆ ಹಳೇ ಡೊಮೇನನ್ನು ಯಾವತ್ತೂ ಬಿಡಬೇಡಿ. ಬಿಟ್ಟ ಹೆಸರನ್ನು ಬೇರೆಯವರು ಕೊಂಡು, ನಿಮಗೆ ಬಂದಿದ್ದ ಲಿಂಕುಗಳ ಮೇಲೆ ಜೂಜಿನ ಸೈಟು ನಡೆಸಿದರೆ ನಿಮ್ಮ ಹಳೇ ಓದುಗರು ಹೋಗಿ ತಲುಪುವುದು ಅಲ್ಲಿಗೆ. ಇಂಥ ದಂಧೆ ಎಷ್ಟು ಬೆಳೆದಿದೆ ಅಂದರೆ, ಅವಧಿ ಮುಗಿದ ಡೊಮೇನ್‌ಗಳ ದುರ್ಬಳಕೆಯನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮಗಳಲ್ಲೇ ಹೆಸರಿಟ್ಟು ಸೇರಿಸಿತು.

ಪ್ರಶ್ನೆ: ಡೊಮೇನನ್ನು ಹತ್ತು ವರ್ಷಕ್ಕೆ ಒಟ್ಟಿಗೆ ಕೊಂಡರೆ ರ‍್ಯಾಂಕ್ ಏರುತ್ತದಂತೆ ನಿಜವೇ? ಶೇರ್ಡ್ ಹೋಸ್ಟಿಂಗ್‌ನಲ್ಲಿ (ಒಂದೇ ಸರ್ವರಿನಲ್ಲಿ ಹಲವರ ಸೈಟು) ಪಕ್ಕದ ಸೈಟು ಕೆಟ್ಟದಿದ್ದರೆ ನಮಗೂ ಪೆಟ್ಟೇ?

ಉತ್ತರ: ಮೊದಲನೆಯದು ಸುಳ್ಳು. ಆದರೆ ಜಾಸ್ತಿ ವರ್ಷಕ್ಕೆ ಕೊಂಡರೆ ನವೀಕರಣ ಮರೆಯುವ ಅಪಾಯ ಕಡಿಮೆ, ಆ ಕಾರಣಕ್ಕೆ ಕೊಳ್ಳಿ. ಎರಡನೆಯದಕ್ಕೆ, ಒಂದೇ ಐಪಿಯಲ್ಲಿ ಕೆಟ್ಟ ಸೈಟೊಂದು ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ಪಕ್ಕದವರು ಸರ್ವರನ್ನು ಹಿಂಡಿ ನಿಮ್ಮ ಪುಟ ನಿಧಾನವಾದರೆ, ಪದೇ ಪದೇ ಬಿದ್ದುಹೋದರೆ ಮಾತ್ರ ಚಿಂತೆ ಮಾಡಿ.

ಪ್ರಶ್ನೆ: ಮೇಡಂ/ಸರ್, ನನ್ನ ಹಕ್ಕಿ ಫೋಟೋಗಳ ಸೈಟನ್ನು ಮಾಡಿಕೊಟ್ಟ ಡಿಸೈನರ್ ಡೊಮೇನನ್ನೂ ಅವರೇ ತೆಗೆದಿದ್ದರು. ಹೋಸ್ಟಿಂಗ್ ಹಣ ನಾನು ಪ್ರತಿ ವರ್ಷ ಕಟ್ಟುತ್ತಿದ್ದೇನೆ, ಅದರಲ್ಲೇ ಡೊಮೇನ್ ಸೇರಿದೆ ಅಂದುಕೊಂಡಿದ್ದೆ. ಹೋದ ವಾರ ಸೈಟು ತೆರೆದರೆ ಬರೀ ಜಾಹೀರಾತು. ಹೋಸ್ಟಿಂಗ್‌ನವರು ನಮ್ಮ ಕಡೆ ಎಲ್ಲ ಸರಿ ಅನ್ನುತ್ತಾರೆ. ಡಿಸೈನರ್ ಫೋನ್ ತೆಗೆಯುತ್ತಿಲ್ಲ.

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು, ಯಾಕಂದರೆ ಇದೇ ಪತ್ರವನ್ನು ಬೇರೆ ಬೇರೆ ಕೈಬರಹದಲ್ಲಿ ಎಷ್ಟೋ ಸಲ ಓದಿದ್ದೇನೆ. ಹೋಸ್ಟಿಂಗ್‌ನವರು ಹೇಳುವುದು ನಿಜ. ನಿಮ್ಮ ಫೋಟೋಗಳು ಸರ್ವರಿನಲ್ಲಿ ಭದ್ರವಾಗಿವೆ. ಡೊಮೇನ್ ಅವಧಿ ಮುಗಿದಿದೆ, ರಿಜಿಸ್ಟ್ರಾರ್ (ಡೊಮೇನ್ ಮಾರಿದ ಕಂಪನಿ) ಅಲ್ಲಿ ಜಾಹೀರಾತು ಪುಟ ಇಟ್ಟಿರಬಹುದು.

ಈಗಲೇ ಡೊಮೇನ್ ನೋಂದಣಿಯ ವಿವರ ತೋರಿಸುವ ಹುಡುಕಾಟದಲ್ಲಿ (ಹಳೇ ಹೆಸರು ಹೂಈಸ್) ನಿಮ್ಮ ಡೊಮೇನ್ ಹಾಕಿ ಸ್ಥಿತಿ ನೋಡಿ. ಡಾಟ್ ಕಾಮ್ ತರದ ಡೊಮೇನ್‌ಗಳಲ್ಲಿ ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನದವರೆಗೆ ಮಾಮೂಲಿ ನವೀಕರಣಕ್ಕೆ ಅವಕಾಶ ಇರಬಹುದು, ಅದನ್ನು ಕಡಿಮೆ ಮಾಡುವುದು ರಿಜಿಸ್ಟ್ರಾರ್ ಕೈಯಲ್ಲಿದೆ. ಅಳಿಸಿದ ಮೇಲೆ 30 ದಿನ 'ರಿಡೆಂಪ್ಶನ್' ಅಂತ ಇರುತ್ತದೆ, ದಂಡ ಜಾಸ್ತಿ, ಆದರೂ ವಾಪಸ್ ಸಿಗುತ್ತದೆ. ಆಮೇಲಿನ 5 ದಿನ 'ಪೆಂಡಿಂಗ್ ಡಿಲೀಟ್', ಆಗ ಯಾರಿಂದಲೂ ಏನೂ ಮಾಡಲಾಗದು. ಅದಾದ ಮೇಲೆ ಯಾರು ಮೊದಲು ಕೊಂಡರೋ ಅವರದ್ದು. ದೇಶಗಳ ಹೆಸರಿನ ಡೊಮೇನ್‌ಗಳ ಲೆಕ್ಕ ಬೇರೆ ಬೇರೆ. ಅವಧಿಗೆ ಸುಮಾರು ಒಂದು ತಿಂಗಳು ಮತ್ತು ಒಂದು ವಾರ ಮುಂಚೆ ರಿಜಿಸ್ಟ್ರಾರ್ ಎಚ್ಚರಿಕೆ ಕಳಿಸಲೇಬೇಕು, ಕಳಿಸಿಯೂ ಇರುತ್ತಾರೆ. ಅದು ಹೋಗಿರುವುದು ಡಿಸೈನರ್ ಇಮೇಲಿಗೆ.

ರಿಜಿಸ್ಟ್ರಾರ್‌ಗೆ ಇವತ್ತೇ ಬರೆಯಿರಿ. ಮಾಲೀಕರ ಜಾಗದಲ್ಲಿ ನಿಮ್ಮ ಹೆಸರಿದ್ದರೆ ದಾರಿ ಸುಲಭ. ಡಿಸೈನರ್ ಹೆಸರಿದ್ದರೆ ಅವರ ಒಪ್ಪಿಗೆ ಬೇಕು. ಫೋನ್ ತೆಗೆಯದಿದ್ದರೆ ಅವರ ಪರಿಚಯದವರ ಮೂಲಕವಾದರೂ ತಲುಪಿ, ದಿನಗಳು ಕಳೆಯಬಾರದು. ಕೆಲವೇ ದಿನದಲ್ಲಿ ಡೊಮೇನ್ ವಾಪಸ್ ಬಂದು ಅದೇ ಪುಟಗಳು ಅದೇ ವಿಳಾಸದಲ್ಲಿ ಕಂಡರೆ ರ‍್ಯಾಂಕ್ ಚೇತರಿಸಿಕೊಳ್ಳುವ ಅವಕಾಶ ಚೆನ್ನಾಗಿದೆ. ಜಾಹೀರಾತು ಪುಟ ವಾರಗಟ್ಟಲೆ ನಿಂತರೆ ಗೂಗಲ್ ನಿಮ್ಮ ಪುಟಗಳನ್ನು ಕೈಬಿಡುತ್ತಾ ಹೋಗುತ್ತದೆ. ಕೈಗೆ ಬಂದ ದಿನವೇ ರಿಜಿಸ್ಟ್ರಾರ್ ಖಾತೆಯನ್ನು ನಿಮ್ಮ ಹೆಸರಿಗೆ, ನಿಮ್ಮ ಇಮೇಲಿಗೆ ಮಾಡಿಕೊಳ್ಳಿ. ಆ ಇಮೇಲ್ ಇದೇ ಡೊಮೇನಿನದ್ದಾಗಿರಬಾರದು. ಡೊಮೇನ್ ನಿಂತರೆ ಎಚ್ಚರಿಕೆಯ ಪತ್ರವೂ ನಿಲ್ಲುತ್ತದೆ.

ಪ್ರಶ್ನೆ: ಹೋಸ್ಟಿಂಗ್ ಬದಲಾಯಿಸಬೇಕು. ಡೊಮೇನನ್ನೂ ಹೊಸ ಕಂಪನಿಗೆ ವರ್ಗಾಯಿಸಲೇಬೇಕೇ? ಗೆಳೆಯರೊಬ್ಬರು ನೇಮ್‌ಸರ್ವರ್ ಬದಲಾಯಿಸಿದ ದಿನ ಇಮೇಲ್ ನಿಂತಿತು, ಸರ್ಚ್ ಕನ್ಸೋಲೂ ನೀವು ಮಾಲೀಕರಲ್ಲ ಅಂದಿತು.

ಉತ್ತರ: ಬೇಕಿಲ್ಲ. ಹೊಸ ಹ್ಯಾಂಡ್‌ಸೆಟ್ ಕೊಂಡ ಮಾತ್ರಕ್ಕೆ ಯಾರೂ ಸಿಮ್ ಕಂಪನಿ ಬದಲಾಯಿಸುವುದಿಲ್ಲ, ಅಲ್ವಾ? ಡೊಮೇನ್ ಇದ್ದಲ್ಲೇ ಇರಲಿ.

ನಿಮ್ಮ ಗೆಳೆಯರಿಗೆ ಆಗಿದ್ದು ಇದು: ನೇಮ್‌ಸರ್ವರ್ ಅಂದರೆ ನಿಮ್ಮ ಡೊಮೇನಿನ ಡಿಎನ್‌ಎಸ್ ಪುಸ್ತಕ ಇಟ್ಟುಕೊಂಡಿರುವ ಸರ್ವರ್, ಅದು ಬದಲಾದರೆ ಇಡೀ ಪುಸ್ತಕವೇ ಬದಲಾಗುತ್ತದೆ. ಇಮೇಲಿನ ಎಂಎಕ್ಸ್ ರೆಕಾರ್ಡ್, ಮಾಲೀಕತ್ವ ತೋರಿಸಲು ಹಾಕಿದ್ದ ಟಿಎಕ್ಸ್‌ಟಿ ರೆಕಾರ್ಡ್, ಎಲ್ಲ ಹಳೇ ಪುಸ್ತಕದಲ್ಲೇ ಉಳಿಯಿತು. ಸೈಟು ಮಾತ್ರ ಬದಲಾಗಬೇಕಾದರೆ ನೇಮ್‌ಸರ್ವರ್ ಮುಟ್ಟದೆ ಎ ರೆಕಾರ್ಡನ್ನು, ಐಪಿವಿ6ದಿದ್ದರೆ ಅದನ್ನೂ ಬದಲಾಯಿಸಿದರೆ ಸಾಕು. ನೇಮ್‌ಸರ್ವರ್ ಬದಲಾಯಿಸಲೇಬೇಕಾದರೆ ಮುಂಚೆ ಎಲ್ಲ ರೆಕಾರ್ಡ್‌ಗಳನ್ನೂ ಹೊಸ ಕಡೆ ಬರೆದಿಡಿ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರ ಅಸಲಿ ಅಂತ ತೋರಿಸುವ ಸಹಿ) ಹಾಕಿದ್ದರೆ ಮೊದಲು ಅದನ್ನು ತೆಗೆದು, ಹಳೇ ಸಹಿಯ ಗುರುತು ಎಲ್ಲ ಕಡೆ ಅಳಿಯುವವರೆಗೆ ಕಾದು, ಆಮೇಲೆ ಬದಲಾಯಿಸಿ. ಆ ಗುರುತು ಉಳಿದರೆ ಸಹಿ ಪರೀಕ್ಷಿಸುವ ಡಿಎನ್‌ಎಸ್ ಬಳಸುವವರಿಗೆ ಸೈಟು ಸಿಗುವುದೇ ಇಲ್ಲ.

ಬದಲಾವಣೆಗೆ ಕನಿಷ್ಠ ಒಂದು ವಾರ ಮುಂಚೆ ಡಿಎನ್‌ಎಸ್ ರೆಕಾರ್ಡಿನ ಟಿಟಿಎಲ್ (ಉತ್ತರವನ್ನು ಎಷ್ಟು ಹೊತ್ತು ನೆನಪಿಡಬಹುದು ಅನ್ನುವ ಅವಧಿ) ಇಳಿಸಿ. ಅದು 86400 ಇದ್ದರೆ, ಅಂದರೆ ಸೆಕೆಂಡುಗಳಲ್ಲಿ ಇಡೀ ಒಂದು ದಿನ, ಹಳೇ ಉತ್ತರವನ್ನು ಜಗತ್ತು ಅಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ. 3600 ಮಾಡಿದರೆ ಒಂದು ಗಂಟೆ. ಹಳೇ ಹೋಸ್ಟಿಂಗನ್ನು ಅದೇ ದಿನ ರದ್ದು ಮಾಡಬೇಡಿ. ಅದರ ಲಾಗ್ (ಯಾರು ಬಂದರು ಅನ್ನುವ ದಾಖಲೆ) ನೋಡುತ್ತಿರಿ, ಓದುಗರೂ ಗೂಗಲ್‌ಬಾಟೂ ಅಲ್ಲಿಗೆ ಬರುವುದು ಪೂರ್ತಿ ನಿಂತ ಮೇಲೆ ಮುಚ್ಚಿ.